ಹನ್ನೆರಡರಲ್ಲಿ ಎರಡು: ಕಾಲೇಜು ಬೇಸ್‌ಬಾಲ್ ತಂಡಕ್ಕೆ ಸ್ಕೋರ್ ಬರೆದ ನನ್ನ ಅನುಭವ

ಅಮೆರಿಕದ ಒಹಾಯೊದಲ್ಲಿ ಫೆಬ್ರವರಿಯ ಭಾನುವಾರ ರಾತ್ರಿ ಒಂಬತ್ತು ಗಂಟೆ ಅಂದರೆ ದಾವಣಗೆರೆಯಲ್ಲಿ ಸೋಮವಾರ ಬೆಳಿಗ್ಗೆ ಏಳೂವರೆ. ಸರಿಯಾಗಿ ಆ ಹೊತ್ತಿಗೆ ಅಮ್ಮನ ಫೋನ್ ಬರುತ್ತಿತ್ತು. ಹಿಂದೆ ಕುಕ್ಕರ್ ಕೂಗು. ಮೊದಲ ಪ್ರಶ್ನೆ, "ಊಟ ಆತೇನಪ್ಪಾ?" ಎರಡನೇದು, "ನಿಮ್ ಹುಡುಗ್ರು ಇವತ್ತಾದ್ರೂ ಗೆದ್ರಾ?"

ನಾನು ಬಸ್ಸಿನಲ್ಲಿ ಇರುತ್ತಿದ್ದೆ. ಸೌತ್ ಕ್ಯಾರೊಲಿನಾದಿಂದ ಒಹಾಯೊಗೆ ವಾಪಸ್ ಬರೋದಕ್ಕೆ ಹತ್ತು ಗಂಟೆಗೂ ಜಾಸ್ತಿ ಬೇಕು. ಒಳಗೆಲ್ಲ ಕತ್ತಲು. ಕೆಲವರು ಮಂಡಿಗೆ ಐಸ್ ಕಟ್ಟಿಕೊಂಡು ಮಲಗಿದ್ದರು, ಕೆಲವರು ಲ್ಯಾಪ್‌ಟಾಪ್ ತೆರೆದು ಸೋಮವಾರದ ಅಸೈನ್‌ಮೆಂಟ್ ಬರೆಯುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ನಾನು ಫೋನಿಗೆ ಬಾಯಿ ಹತ್ತಿರ ಇಟ್ಟು "ಇಲ್ಲಮ್ಮ" ಅನ್ನುತ್ತಿದ್ದೆ. ನಾಲ್ಕು ವಾರ ಹೆಚ್ಚುಕಡಿಮೆ ಅದೇ ಉತ್ತರ. ಹನ್ನೆರಡು ಪಂದ್ಯ ಮುಗಿದಾಗ ಎರಡು ಗೆದ್ದಿದ್ದೆವು, ಹತ್ತು ಸೋತಿದ್ದೆವು.

ನಾನು ಇಲ್ಲಿಗೆ ಬಂದಿದ್ದು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್. ಮಾಡೋದಕ್ಕೆ. ಊರಿನಲ್ಲಿ ಕಾಲೇಜು ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆದು ಅಭ್ಯಾಸವಿತ್ತು. ಬೇಸ್‌ಬಾಲ್ ತಂಡಕ್ಕೆ ಸ್ಟೂಡೆಂಟ್ ಮ್ಯಾನೇಜರ್ ಬೇಕು, ಸ್ಕೋರ್ ಬರೆಯಲು ಬರಬೇಕು ಅಂತ ನೋಟಿಸ್ ನೋಡಿ ಹೋದೆ. ಚೆಂಡು ಹೊರೋದು, ನೀರಿನ ಕ್ಯಾನ್ ತುಂಬೋದು, ಪಂದ್ಯದ ಹೊತ್ತಿಗೆ ಪ್ರತಿ ಎಸೆತ ಬರೆದಿಡೋದು. ಸಂಬಳ ಏನಿಲ್ಲ. ಆದರೆ ಆ ಕೆಲಸವನ್ನು ನಾನು ಪ್ರೀತಿಯಿಂದ ಮಾಡಿದೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಬೌಲರ್ ಜಾಗದಲ್ಲಿ ಪಿಚರ್. ಅವನಿಂದ ಬ್ಯಾಟರ್‌ಗೆ 18.44 ಮೀಟರ್, ನಮ್ಮ ಪಿಚ್‌ಗಿಂತ ಸ್ವಲ್ಪ ಕಮ್ಮಿ. ಚೆಂಡು ನೆಲಕ್ಕೆ ಬೀಳದೆ ನೇರ ಬರುತ್ತದೆ. ಹೊಡೆಯಬಹುದಾದ ಜಾಗದೊಳಗೆ ಬಂದರೆ, ಇಲ್ಲವೇ ಬ್ಯಾಟರ್ ಬೀಸಿ ತಪ್ಪಿದರೆ ಸ್ಟ್ರೈಕ್, ಹೊರಗೆ ಹೋದ ಚೆಂಡನ್ನು ಬ್ಯಾಟರ್ ಬಿಟ್ಟರೆ ಬಾಲ್. ಮೂರು ಸ್ಟ್ರೈಕ್ ಆದರೆ ಔಟ್. ನಾಲ್ಕು ಬಾಲ್ ಆದರೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದು ಹೋಗುತ್ತಾನೆ. ಅದಕ್ಕೇ ಅದರ ಹೆಸರು ವಾಕ್. ಮೈಗೆ ಚೆಂಡು ತಗುಲಿದರೂ ಪುಕ್ಕಟೆ ಬೇಸ್. ಹಾಗೆ ಬೇಸ್‌ಗೆ ಬಂದವನು ನಾಲ್ಕೂ ಬೇಸ್ ಸುತ್ತಿ ಬಂದರೆ ಒಂದು ರನ್. ಈ 'ಪುಕ್ಕಟೆ' ಅನ್ನೋ ಮಾತು ನೆನಪಿಟ್ಟುಕೊಳ್ಳಿ, ನಮ್ಮ ಕಥೆಯೆಲ್ಲ ಅಲ್ಲೇ ಇದೆ.

ಉತ್ತರದ ತಂಡಗಳ ಕಷ್ಟ ಏನು ಅಂತ ಇಲ್ಲಿಗೆ ಬರುವ ತನಕ ನನಗೆ ಗೊತ್ತಿರಲಿಲ್ಲ. ಎನ್‌ಸಿಎಎ ಡಿವಿಷನ್ ಒಂದರ, ಅಂದರೆ ಇಲ್ಲಿನ ಕಾಲೇಜು ಕ್ರೀಡೆಯ ಮೇಲಿನ ದರ್ಜೆಯ, ಸೀಸನ್ ಫೆಬ್ರವರಿ ಮಧ್ಯದಲ್ಲಿ ಶುರುವಾಗುತ್ತದೆ. ಆಗ ಒಹಾಯೊದ ಮೈದಾನದ ಮೇಲೆ ಹಿಮ. ಆಡೋದಕ್ಕಾಗಲ್ಲ. ಹಾಗಾಗಿ ನಮ್ಮಂಥ ತಂಡಗಳು ಮೊದಲ ನಾಲ್ಕು ವಾರ ಪ್ರತಿ ಗುರುವಾರ ಬಸ್ ಹತ್ತಿ ದಕ್ಷಿಣಕ್ಕೆ ಹೋಗುತ್ತವೆ. ಶುಕ್ರವಾರ, ಶನಿವಾರ, ಭಾನುವಾರ ಎದುರಾಳಿಯ ಮೈದಾನದಲ್ಲೇ ಮೂರು ಪಂದ್ಯ. ಅಲ್ಲಿನ ಹುಡುಗರು ಜನವರಿಯಿಂದ ಬಿಸಿಲಲ್ಲಿ ಆಡಿರುತ್ತಾರೆ. ನಮ್ಮವರು ಮಾಡು ಹಾಕಿದ ದೊಡ್ಡ ಹಾಲ್‌ನಲ್ಲಿ, ಬಲೆಗಳ ನಡುವೆ. ಈ ಅನ್ಯಾಯ ಸ್ವಲ್ಪ ಸರಿದೂಗಲಿ ಅಂತಲೇ 2013ರಲ್ಲಿ ತಂಡಗಳನ್ನು ಅಳೆಯುವ ಆರ್‌ಪಿಐ ಲೆಕ್ಕ ಬದಲಾಯಿಸಿದರು. ಎದುರಾಳಿ ಊರಿನಲ್ಲಿ ಗೆದ್ದರೆ ಆ ಗೆಲುವಿಗೆ 1.3 ಬೆಲೆ, ಮನೆಯಲ್ಲಿ ಗೆದ್ದರೆ 0.7 ಅಂತ ಮಾಡಿದರು. ಆದರೆ ಬೆಲೆ ಸಿಗಬೇಕಾದರೆ ಮೊದಲು ಗೆಲ್ಲಬೇಕಲ್ವಾ.

ಮೊದಲ ಶುಕ್ರವಾರ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರನೇ ಇನ್ನಿಂಗ್ಸ್. ಲೋಹದ ಬ್ಯಾಟಿನಿಂದ ಟಿಂಗ್ ಅಂತ ಸದ್ದು, ಚೆಂಡು ಎತ್ತರಕ್ಕೆ ಹೋಯಿತು. ಸುಲಭದ ಕ್ಯಾಚ್. ನಮ್ಮ ಸೆಂಟರ್ ಫೀಲ್ಡರ್ ಎರಡು ಹೆಜ್ಜೆ ಮುಂದೆ ಬಂದ. ನಿಂತ. ಆಮೇಲೆ ಹಿಂದಕ್ಕೆ ತಿರುಗಿ ಓಡಿದ. ಚೆಂಡು ಅವನ ತಲೆ ಮೇಲಿಂದ ಹೋಗಿ ಬಿತ್ತು. ಇಬ್ಬರು ಓಡಿ ರನ್ ಮಾಡಿದರು. ಡಗೌಟ್‌ಗೆ ಬಂದವನು ನನ್ನ ಪಕ್ಕದಲ್ಲೇ ಕೂತ. "ನವೆಂಬರ್ ಆದ್ಮೇಲೆ ಆಕಾಶದಲ್ಲಿ ಚೆಂಡು ನೋಡಿದ್ದು ಇದೇ ಮೊದಲು" ಅಂದ. ನಿಜ. ಹಾಲ್‌ನ ಮಾಡಿಗೆ ತಗುಲುತ್ತದೆ ಅಂತ ಅಲ್ಲಿ ಎತ್ತರದ ಕ್ಯಾಚ್ ಹಿಡಿಸೋದೇ ಇಲ್ಲ.

ಸೋಲು ಹೆಚ್ಚಾದಂತೆ ಎಲ್ಲರ ಬಾಯಲ್ಲೂ ಒಂದೊಂದು ಕಾರಣ. ಒಬ್ಬರಿಗೆ ಹುಡುಗರಲ್ಲಿ ಛಲ ಇಲ್ಲ. ಇನ್ನೊಬ್ಬರಿಗೆ ಬ್ಯಾಟಿಂಗ್ ಕ್ರಮ ತಪ್ಪು. ಹೆಡ್ ಕೋಚ್ ಪ್ರತಿ ಪಂದ್ಯಕ್ಕೂ ಬ್ಯಾಟಿಂಗ್ ಕ್ರಮ ಬದಲಿಸತೊಡಗಿದರು. ನನ್ನ ಕೈಯಲ್ಲಿ ಅಷ್ಟೂ ಪಂದ್ಯಗಳ ಪುಸ್ತಕ ಇತ್ತು. ಎರಡನೇ ವಾರ ಮುಗಿದಾಗ ಹನ್ನೊಂದು ಪುಟದ ವರದಿ ಮಾಡಿ ಕೋಚ್‌ಗಳಿಗೆ ಕಳಿಸಿದೆ. ಗ್ರಾಫ್, ಪಟ್ಟಿ, ಬಣ್ಣ ಎಲ್ಲ ಇತ್ತು. ಯಾರೂ ಓದಲಿಲ್ಲ. ಅದು ನನ್ನದೇ ತಪ್ಪು. ರಾತ್ರಿ ಎರಡು ಗಂಟೆಗೆ ಬಸ್ ಇಳಿದು ಬೆಳಿಗ್ಗೆ ಆರಕ್ಕೆ ಮತ್ತೆ ಹಾಲ್‌ಗೆ ಬರುವವರಿಗೆ ಹನ್ನೊಂದು ಪುಟ ಕೊಡಬಾರದು.

ಹನ್ನೆರಡನೇ ಪಂದ್ಯ ಸೋತ ರಾತ್ರಿ, ಬಸ್ಸಿನಲ್ಲಿ ಫೋನಿನ ಟಾರ್ಚ್ ಹಚ್ಚಿ, ಪುಸ್ತಕವನ್ನು ಮೊದಲಿನಿಂದ ಮತ್ತೆ ನೋಡಿದೆ. ಈ ಸಲ ಒಂದೇ ಪ್ರಶ್ನೆ: ನಮ್ಮ ವಿರುದ್ಧ ಬಂದ ಪ್ರತಿ ರನ್ನಿನ ಹುಡುಗ ಬೇಸ್‌ಗೆ ಬಂದಿದ್ದು ಹೇಗೆ?

ಬೇಸ್‌ಬಾಲ್ ಸ್ಕೋರ್ ಪುಸ್ತಕದಲ್ಲಿ ಇದನ್ನು ಹುಡುಕೋದು ಸುಲಭ. ಪ್ರತಿ ಬ್ಯಾಟರ್‌ಗೂ ಇನ್ನಿಂಗ್ಸಿಗೊಂದು ಚೌಕ, ಚೌಕದೊಳಗೆ ವಜ್ರದಾಕಾರ. ಫೀಲ್ಡರ್‌ಗಳಿಗೆ ಒಂದರಿಂದ ಒಂಬತ್ತು ನಂಬರ್. ಪಿಚರ್ 1, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ 2, ಶಾರ್ಟ್‌ಸ್ಟಾಪ್ 6. '6-4-3' ಅಂತ ಬರೆದರೆ ಶಾರ್ಟ್‌ಸ್ಟಾಪ್ ಹಿಡಿದು ಎರಡನೇ ಬೇಸ್‌ಮನ್‌ಗೆ, ಅವನು ಮೊದಲ ಬೇಸ್‌ಗೆ ಎಸೆದು ಇಬ್ಬರನ್ನು ಔಟ್ ಮಾಡಿದ ಅಂತ ಅರ್ಥ. ಸ್ಟ್ರೈಕ್ ಔಟ್ ಆದರೆ 'ಕೆ'. ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟ್ ಆದರೆ ಅದೇ ಅಕ್ಷರ ತಿರುಗಿಸಿ. ಪೆನ್ಸಿಲ್‌ನಲ್ಲೇ ಬರೆಯಬೇಕು. ಚಳಿಯಲ್ಲಿ ಪೆನ್ನು ಕೈ ಕೊಡುತ್ತದೆ.

ಮೂರು ಬಣ್ಣದ ಪೆನ್ಸಿಲ್ ತಗೊಂಡೆ. ವಾಕ್‌ನಿಂದ ಅಥವಾ ಮೈಗೆ ಚೆಂಡು ತಗುಲಿ ಬಂದವನು ರನ್ ಮಾಡಿದ್ದರೆ ಕೆಂಪು ಸುತ್ತು. ನಮ್ಮ ಫೀಲ್ಡಿಂಗ್ ತಪ್ಪಿನಿಂದ ಬಂದಿದ್ದರೆ ನೀಲಿ. ಸರಿಯಾಗಿ ಹೊಡೆದು ಬಂದಿದ್ದರೆ ಕಪ್ಪು. ಅಂಥ ಫೀಲ್ಡಿಂಗ್ ತಪ್ಪುಗಳಲ್ಲಿ ಕೆಲವನ್ನು ಅಧಿಕೃತ ಸ್ಕೋರರ್ ಹಿಟ್ ಅಂತ ಬರೆದಿರುತ್ತಾರೆ. ತಲೆ ಮೇಲಿಂದ ಹೋದ ಆ ಚೆಂಡೂ ಹಿಟ್ ಅಂತಲೇ ದಾಖಲಾಗಿತ್ತು. ನಾನು ನೀಲಿಯನ್ನೇ ಹಾಕಿದೆ, ನಾನು ಕಣ್ಣಾರೆ ನೋಡಿದ್ದೆನಲ್ಲ.

ಹತ್ತನೇ ಪುಟಕ್ಕೆ ಬರೋ ಹೊತ್ತಿಗೆ ಕೆಂಪು ಪೆನ್ಸಿಲ್‌ನ ಮೊನೆ ಸವೆದುಹೋಯಿತು. 84 ರನ್ ಕೊಟ್ಟಿದ್ದೆವು. ಕಪ್ಪು 35, ಕೆಂಪು 34, ನೀಲಿ 15. ಎದುರಾಳಿ ಹೊಡೆದು ಗಳಿಸಿದ್ದಕ್ಕಿಂತ ನಾವೇ ಕೈಯಾರೆ ಕೊಟ್ಟಿದ್ದು ಜಾಸ್ತಿ.

ಇನ್ನೊಂದು ಲೆಕ್ಕವೂ ಮಾಡಿದೆ. ಬಿಲ್ ಜೇಮ್ಸ್ ಅನ್ನೋ ಅಮೆರಿಕದ ಬೇಸ್‌ಬಾಲ್ ಲೇಖಕರು ಕಂಡುಹಿಡಿದಿದ್ದು. ಮಾಡಿದ ರನ್‌ಗಳ ವರ್ಗವನ್ನು, ಮಾಡಿದ ಮತ್ತು ಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ, ಆ ತಂಡ ಎಷ್ಟು ಭಾಗ ಪಂದ್ಯ ಗೆಲ್ಲಬೇಕಿತ್ತು ಅಂತ ಸುಮಾರಾಗಿ ಗೊತ್ತಾಗುತ್ತದೆ. ನಮ್ಮದು 61 ರನ್, ಕೊಟ್ಟಿದ್ದು 84. ಲೆಕ್ಕ ಹೇಳಿದ್ದು ನಾಲ್ಕು ಗೆಲುವು. ಐದು ಪಂದ್ಯ ಒಂದೇ ರನ್ನಿನಿಂದ ಸೋತಿದ್ದೆವು. ಅಂದರೆ ಅದೃಷ್ಟವೂ ಸ್ವಲ್ಪ ಕೈ ಕೊಟ್ಟಿತ್ತು. ಆದರೆ ಪೂರ್ತಿ ಅದೃಷ್ಟದ ಮೇಲೆ ಹಾಕೋ ಹಾಗಿರಲಿಲ್ಲ. ನಾಲ್ಕು ಗೆದ್ದು ಎಂಟು ಸೋತ ತಂಡವೂ ಒಳ್ಳೆ ತಂಡ ಅಲ್ಲವಲ್ಲ. ಇದನ್ನು ಹೇಳೋದು ನನಗೆ ಮುಖ್ಯವಾಗಿತ್ತು. ಸೋತಾಗ "ನಮ್ಮ ಟೈಮ್ ಸರಿ ಇಲ್ಲ" ಅಂದುಕೊಂಡರೆ ಕೆಂಪು ಸುತ್ತುಗಳು ಕಾಣಿಸೋದೇ ಇಲ್ಲ.

ಸೋಮವಾರ ಬೆಳಿಗ್ಗೆ ಒಂದೇ ಹಾಳೆ ತಗೊಂಡು ಪಿಚಿಂಗ್ ಕೋಚ್ ಹತ್ತಿರ ಹೋದೆ. ಮೂರು ಬಣ್ಣ, ಮೂರು ಸಂಖ್ಯೆ, ಅಷ್ಟೇ. ಅವರು ತುಂಬಾ ಹೊತ್ತು ನೋಡಿದರು. "ಮೊದಲ ಎಸೆತ ಸ್ಟ್ರೈಕ್ ಎಷ್ಟು?" ಅಂತ ಕೇಳಿದರು. ಎಣಿಸಿಟ್ಟಿದ್ದೆ. ನೂರಕ್ಕೆ 52. ಅವರು ತಲೆ ಅಲ್ಲಾಡಿಸಿದರು. ಕಾಲೇಜು ಕೋಚ್‌ಗಳು ಸಾಮಾನ್ಯವಾಗಿ ನೂರಕ್ಕೆ 60 ಕೇಳುತ್ತಾರೆ. ಮೊದಲ ಎಸೆತ ಸ್ಟ್ರೈಕ್ ಆದರೆ ಬ್ಯಾಟರ್ ಹಿಂದೆ ಬೀಳುತ್ತಾನೆ, ಕೆಟ್ಟ ಚೆಂಡಿಗೂ ಬ್ಯಾಟ್ ಬೀಸುತ್ತಾನೆ. ಬಾಲ್ ಆದರೆ ಹಿಂದೆ ಬೀಳೋದು ಪಿಚರ್. ಆಮೇಲೆ ಅವನು ಎಚ್ಚರಿಕೆಯಿಂದ ಅಂಚಿಗೆ ಎಸೆಯಲು ಹೋಗುತ್ತಾನೆ, ಇನ್ನೊಂದು ಬಾಲ್, ಮತ್ತೊಂದು ಬಾಲ್.

ಇದು ಬರೀ ಹುಡುಗರ ತಪ್ಪಲ್ಲ. ಸೀಸನ್ ಶುರುವಿನಲ್ಲಿ ತೋಳು ಇನ್ನೂ ಪಳಗಿರಲ್ಲ ಅಂತ ಮೊದಲ ಪಿಚರ್‌ಗೆ ಅರವತ್ತು-ಎಪ್ಪತ್ತು ಎಸೆತ ಆದ ಮೇಲೆ ನಿಲ್ಲಿಸುತ್ತಿದ್ದರು. ವಾಕ್ ಜಾಸ್ತಿ ಆದರೆ ಆ ಎಸೆತಗಳು ನಾಲ್ಕನೇ ಇನ್ನಿಂಗ್ಸಿಗೇ ಮುಗಿಯುತ್ತವೆ. ಉಳಿದ ಐದು ಇನ್ನಿಂಗ್ಸ್ ಬುಲ್‌ಪೆನ್‌ನವರ, ಅಂದರೆ ಬದಲಿ ಪಿಚರ್‌ಗಳ ಮೇಲೆ, ಅದೂ ಶುಕ್ರವಾರವೇ. ಭಾನುವಾರ ಬರೋ ಹೊತ್ತಿಗೆ ಎಸೆಯೋಕೆ ತಾಜಾ ಕೈಯೇ ಇರುತ್ತಿರಲಿಲ್ಲ. ಒಂದು ತಪ್ಪು ಮೂರು ದಿನಕ್ಕೂ ಹರಡುತ್ತಿತ್ತು.

ಆ ವಾರದಿಂದ ಅಭ್ಯಾಸದಲ್ಲಿ ಎರಡು ಬದಲಾವಣೆ ಆಯಿತು. ಮೊದಲನೇದು, ಬ್ಯಾಟರ್‌ನ ಮೊದಲ ಎಸೆತಕ್ಕೆ ಕ್ಯಾಚರ್ ಅಂಚಿನಲ್ಲಿ ಕೂರುವ ಹಾಗಿಲ್ಲ. ನಡುಮಧ್ಯ ಗ್ಲೌಸ್ ಹಿಡಿಯಬೇಕು. ಹೊಡೆದರೆ ಹೊಡೆಯಲಿ, ಪಿಚರ್ ಹಿಂದೆ ಏಳು ಜನ ಇದ್ದಾರೆ. ಅಭ್ಯಾಸದ ಎಸೆತಗಳನ್ನೂ ನಾನು ಪಕ್ಕದಲ್ಲಿ ನಿಂತು ಎಣಿಸಿದೆ. ಹತ್ತರಲ್ಲಿ ಆರು ಬರದಿದ್ದರೆ ಮತ್ತೆ ಹತ್ತು.

ಎರಡನೇದು ನಾನೇ ಹೇಳಿದ್ದು. ದಾವಣಗೆರೆಯಲ್ಲಿ ನಮ್ಮ ಪಿ.ಇ. ಸರ್ ಟೆನಿಸ್ ರಾಕೆಟ್‌ನಿಂದ ಚೆಂಡು ಮೇಲಕ್ಕೆ ಹೊಡೆದು ಹೈ ಕ್ಯಾಚ್ ಹಿಡಿಸುತ್ತಿದ್ದರು. ಮೈದಾನದ ಮೇಲೆ ಹಿಮ ಇದ್ದರೇನಂತೆ, ಪಾರ್ಕಿಂಗ್ ಜಾಗ ಬಳಿದು ಖಾಲಿ ಮಾಡಿದ್ದರಲ್ಲ. ಹೇಳೋದಕ್ಕೆ ಅಳುಕಿತ್ತು. ಅಮೆರಿಕದವರಿಗೆ ಬೇಸ್‌ಬಾಲ್ ಹೇಳಿಕೊಡೋಕೆ ನಾನ್ಯಾರು ಅನಿಸಿತ್ತು. ಆದರೂ ಹೇಳಿದೆ. ಮರುದಿನ ಸಂಜೆ ನಾಲ್ಕಕ್ಕೆ ಔಟ್‌ಫೀಲ್ಡರ್‌ಗಳೆಲ್ಲ ಟೋಪಿ, ಜಾಕೆಟ್ ಹಾಕಿಕೊಂಡು ಡಾಂಬರಿನ ಮೇಲೆ ನಿಂತಿದ್ದರು. ನಾನು ರಾಕೆಟ್‌ನಿಂದ ಟೆನಿಸ್ ಬಾಲ್ ಹೊಡೆದೆ. ಬೂದು ಆಕಾಶ, ಗಾಳಿಗೆ ಚೆಂಡು ಅತ್ತಿತ್ತ ಹೊಯ್ದಾಡುತ್ತಿತ್ತು. ಮೊದಲ ದಿನ ಅರ್ಧಕ್ಕರ್ಧ ಬಿಟ್ಟರು. ಟೆನಿಸ್ ಬಾಲ್ ಗ್ಲೌಸ್‌ಗೆ ಬಿದ್ದು ಪುಟಿದು ಹೊರಗೆ ಬರುತ್ತದೆ, ಎರಡೂ ಕೈ ಮುಚ್ಚಲೇಬೇಕು. ನಾಲ್ಕನೇ ದಿನಕ್ಕೆ ಸೆಂಟರ್ ಫೀಲ್ಡರ್ ಮೊದಲ ಹೆಜ್ಜೆ ಹಿಂದಕ್ಕೆ ಇಡೋದು ಕಲಿತಿದ್ದ. ಮುಂದೆ ಬರೋದು ಸುಲಭ, ಹಿಂದೆ ಓಡೋದು ಕಷ್ಟ.

ಬ್ಯಾಟಿಂಗ್ ಬಗ್ಗೆ ನಾನು ಹೇಳಿದ್ದು ಒಂದೇ: ಕ್ರಮ ಬದಲಿಸಬೇಡಿ. ಬ್ಯಾಟರ್‌ಗಳು ಚೆನ್ನಾಗೇ ಹೊಡೆಯುತ್ತಿದ್ದರು, ಚೆಂಡು ಫೀಲ್ಡರ್ ಕೈಗೆ ಹೋಗುತ್ತಿತ್ತು. ಹೆಡ್ ಕೋಚ್ ಪೂರ್ತಿ ಒಪ್ಪಲಿಲ್ಲ, ಆದರೆ ಮೇಲಿನ ಐದು ಜನರನ್ನು ಮುಟ್ಟಲಿಲ್ಲ.

ಆ ದಿನಗಳಲ್ಲಿ ಹುಡುಗರು ಬಸ್ಸಿನಲ್ಲಿ ಎರಡು ಹೆಸರು ಮತ್ತೆ ಮತ್ತೆ ಹೇಳುತ್ತಿದ್ದರು. 2008ರಲ್ಲಿ ಫ್ರೆಸ್ನೊ ಸ್ಟೇಟ್ ತಂಡ ಮೊದಲ ಇಪ್ಪತ್ತು ಪಂದ್ಯದಲ್ಲಿ ಹನ್ನೆರಡು ಸೋತಿತ್ತು. ಕೊನೆಗೆ ಕಾಲೇಜ್ ವರ್ಲ್ಡ್ ಸೀರೀಸ್ ನಡೆಯುವ ಒಮಾಹಾಕ್ಕೆ ಹೋಗಿ, ಜಾರ್ಜಿಯಾವನ್ನು ಸೋಲಿಸಿ, ಅದನ್ನೇ ಗೆದ್ದಿತು. 2022ರ ಓಲ್ ಮಿಸ್, ಅಂದರೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ತಂಡ, ತಮ್ಮ ಲೀಗಿನಲ್ಲಿ ಒಂದು ಹಂತದಲ್ಲಿ 7 ಗೆದ್ದು 14 ಸೋತಿತ್ತು. 64 ತಂಡಗಳ ಟೂರ್ನಿಗೆ ಕೊನೆಯದಾಗಿ ಒಳಗೆ ಬಂದು, ಟ್ರೋಫಿಯನ್ನೇ ಎತ್ತಿಕೊಂಡು ಹೋಯಿತು. ಕೇಳೋಕೆ ಮೈ ಜುಮ್ ಅನ್ನುತ್ತದೆ. ಆದರೆ ಅವು ಅಪರೂಪ ಅನ್ನೋ ಕಾರಣಕ್ಕೇ ಎಲ್ಲರಿಗೂ ನೆನಪಿವೆ. ಹಾಗೆ ಶುರು ಮಾಡಿ ಹಾಗೇ ಮುಗಿಸಿದ ನೂರಾರು ತಂಡಗಳ ಹೆಸರು ಯಾರಿಗೂ ಗೊತ್ತಿಲ್ಲ. ನನಗೆ ಒಮಾಹಾ ಬೇಕಿರಲಿಲ್ಲ. ಮುಂದಿನ ಶುಕ್ರವಾರದ ಪುಟದಲ್ಲಿ ಕೆಂಪು ಕಮ್ಮಿಯಾದರೆ ಸಾಕಿತ್ತು.

ಮಾರ್ಚ್ ಮಧ್ಯದಲ್ಲಿ ನಮ್ಮ ಮೈದಾನದಲ್ಲಿ ಮೊದಲ ಪಂದ್ಯ. ಬೇಲಿ ಬದಿಯಲ್ಲಿ ಇನ್ನೂ ಹಿಮದ ಗುಡ್ಡೆ ಇತ್ತು. ಎಸೆದವನು ನಮ್ಮ ಎಡಗೈ ಹುಡುಗ. ಸೀಸನ್ನಿನ ಮೊದಲ ಪಂದ್ಯದಲ್ಲಿ ಮೂರು ಇನ್ನಿಂಗ್ಸಿಗೆ ಐದು ವಾಕ್ ಕೊಟ್ಟವನು ಅವನೇ. ಈ ಸಲ ಮೊದಲ ಬ್ಯಾಟರ್‌ಗೆ ನೇರ ನಡುವಿಗೆ ಎಸೆದ. ಸ್ಟ್ರೈಕ್. ಎರಡನೇ ಬ್ಯಾಟರ್‌ಗೂ ಹಾಗೇ. ಅವನು ಜೋರಾಗಿ ಹೊಡೆದ, ಸೆಂಟರ್ ಫೀಲ್ಡರ್ ತಿರುಗಿ ಓಡಿ, ಬೇಲಿಗೆ ನಾಲ್ಕು ಹೆಜ್ಜೆ ಇರುವಾಗ ಹಿಡಿದ. ನಾನು 'ಎಫ್ 8' ಅಂತ ಬರೆದೆ, ಅಂದರೆ ಸೆಂಟರ್ ಫೀಲ್ಡರ್ ಹಿಡಿದ ಕ್ಯಾಚ್. ಕೈ ನಡುಗುತ್ತಿತ್ತು, ಚಳಿಗೂ ಹೌದು, ಖುಷಿಗೂ ಹೌದು. ಆರು ಇನ್ನಿಂಗ್ಸ್‌ನಲ್ಲಿ ಒಂದು ವಾಕ್. ಮೂರಕ್ಕೆ ಎರಡು ಗೆದ್ದೆವು. ಆ ಭಾನುವಾರ ಅಮ್ಮನಿಗೆ ನಾನೇ ಮೊದಲು ಫೋನ್ ಮಾಡಿದೆ. "ಅಬ್ಬಾ, ಇನ್ನು ನೆಮ್ಮದಿಯಾಗಿ ಊಟ ಮಾಡು" ಅಂದಳು.

ಆಮೇಲೆ ಎಲ್ಲ ಸರಿಯಾಯಿತು ಅಂತಲ್ಲ. ಏಪ್ರಿಲ್‌ನಲ್ಲಿ ಮತ್ತೆ ಐದು ಪಂದ್ಯ ಸಾಲಾಗಿ ಸೋತೆವು. ಒಬ್ಬ ಒಳ್ಳೆ ಪಿಚರ್‌ಗೆ ಮೊಣಕೈ ನೋವು ಬಂದು ಕೂತ. ಮೊದಲ ಎಸೆತದ ಲೆಕ್ಕ 59ಕ್ಕೆ ಬಂತು, 60 ಮುಟ್ಟಲಿಲ್ಲ. ಕಾನ್ಫರೆನ್ಸ್, ಅಂದರೆ ನಮ್ಮ ಲೀಗಿನ, ಟೂರ್ನಿಗೆ ಒಂದು ಗೆಲುವು ಕಮ್ಮಿ ಬಿತ್ತು. ಫೆಬ್ರವರಿಯ ಆ ಒಂದು ರನ್ನಿನ ಸೋಲುಗಳಲ್ಲಿ ಒಂದನ್ನಾದರೂ ಉಳಿಸಿಕೊಂಡಿದ್ದರೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಯ ಪಂದ್ಯ ಮುಗಿದ ಮೇಲೆ ಎಡಗೈ ಹುಡುಗ ಬಂದು ಮೊದಲ ಶುಕ್ರವಾರದ ಪುಟ ತೋರಿಸು ಅಂದ. ತೋರಿಸಿದೆ. ಕೆಂಪು ಸುತ್ತುಗಳ ಮೇಲೆ ಬೆರಳಿಟ್ಟು ಒಂದೊಂದೇ ಎಣಿಸಿದ. ಫೋಟೊ ತೆಗೆದುಕೊಂಡ. "ಬರೋ ವರ್ಷ ಇದನ್ನ ಜನವರಿಯಲ್ಲೇ ಎಣಿಸು" ಅಂದ.

ಜನವರಿ ತನಕ ಕಾಯಲಿಲ್ಲ. ಅಕ್ಟೋಬರ್‌ನ ಫಾಲ್ ಅಭ್ಯಾಸ ಶುರುವಾದ ದಿನವೇ ಹೊಸ ಪುಸ್ತಕ ತೆರೆದಿದ್ದೇನೆ. ಟೆನಿಸ್ ರಾಕೆಟ್ ಬ್ಯಾಟ್‌ಗಳ ಪಕ್ಕದಲ್ಲೇ ನೇತಾಡುತ್ತಿದೆ. ಹೊಸದಾಗಿ ಬಂದ ಹುಡುಗರು ಇದೇನು ಅಂತ ಕೇಳಿದರೆ ಸೆಂಟರ್ ಫೀಲ್ಡರ್ ಅವರನ್ನು ಪಾರ್ಕಿಂಗ್ ಜಾಗಕ್ಕೆ ಕರೆದುಕೊಂಡು ಹೋಗುತ್ತಾನೆ.