ನಾನು ಕಂಪನಿವಾರು ಸಾಲು ತೆಗೆದು ಮೆಟ್ಟಿಲು ಮಾಡಿದೆ, ಟ್ಯಾಬ್ ವ್ಯಾಪಾರ ಕುದುರಿತು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನನ್ನದು ಮೊಬೈಲ್ ಅಂಗಡಿ. ಟ್ಯಾಬ್ ಇಡೋದನ್ನ ಬಿಟ್ಟುಬಿಡು ಅಂತ ನಮ್ಮಣ್ಣ ಎಷ್ಟೋ ಸಲ ಹೇಳಿದ್ದ. ಪಕ್ಕದ ಅಂಗಡಿಯವರದೂ ಅದೇ ಮಾತು: "ಟ್ಯಾಬ್ ಇಲ್ಲಿ ಯಾರ್ ತೊಗೋತಾರ್ರಿ, ಎಲ್ಲಾರೂ ಆನ್‌ಲೈನ್‌ನ್ಯಾಗ ತರಸ್ತಾರ." ಈಗ ಅವರೇ ಬಂದು ನನ್ನ ಕಪಾಟು ನೋಡಿಕೊಂಡು ಹೋಗುತ್ತಾರೆ. ನಮ್ಮ ಲೈನಿನವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಎಲ್ಲರಂತೆ ಕಂಪನಿವಾರು ಜೋಡಿಸಿದ್ದೆ. ಸ್ಯಾಮ್‌ಸಂಗ್ ಸಾಲಿನ ಮುಂದೆ ಗಿರಾಕಿ ನಿಂತರೆ ಎ9, ಎ9 ಪ್ಲಸ್, ಎಸ್6 ಲೈಟ್, ಎಸ್9 ಎಫ್‌ಇ, ಎಸ್9 ಇಷ್ಟೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಹೆಸರು ಓದಿದರೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ತಿಳಿಯಲ್ಲ. ಐದು ನಿಮಿಷ ನೋಡಿ "ನಾಳೆ ಬರ್ತೀನ್ರಿ" ಅಂತಾರೆ. ಆ ನಾಳೆ ಬರಲ್ಲ, ನಿಮಗೂ ಗೊತ್ತಲ್ವಾ.

ಆಮೇಲೆ ಬೆಲೆ ಪ್ರಕಾರ ಇಟ್ಟೆ. ಎಲ್ಲರೂ ಎಡಗಡೆಯ ಸೋವಿ ಮಾಲಿಗೇ ಕೈ ಹಾಕಿದರು. ಸ್ವಲ್ಪ ದಿನಕ್ಕೆ ವಾಪಸ್ ಬಂದು "ಭಾಳ ಸ್ಲೋ ಅದರಿ" ಅಂತ ಜಗಳ. ಮೂರನೇ ಸಲ 'ಓದಲು', 'ಆಟಕ್ಕೆ', 'ಆಫೀಸಿಗೆ' ಅಂತ ಬೋರ್ಡ್ ಹಾಕಿಸಿದೆ. ಅದೂ ನಡೆಯಲಿಲ್ಲ. ನಮ್ಮ ಕಡೆ ಮನೆಗೆ ಒಂದೇ ಟ್ಯಾಬ್ ಬರೋದು. ಹಗಲು ಮಗ ಕ್ಲಾಸ್ ಕೇಳುತ್ತಾನೆ, ಸಂಜೆ ಅವ್ವ ಧಾರಾವಾಹಿ ನೋಡುತ್ತಾಳೆ, ರಾತ್ರಿ ಅಪ್ಪನಿಗೆ ಕ್ರಿಕೆಟ್. ಅವರು ಯಾವ ಬೋರ್ಡಿನ ಕೆಳಗೆ ನಿಲ್ಲಬೇಕು?

ಈ ಮೂರು ಪ್ರಯೋಗದಲ್ಲಿ ಸುಮಾರು ಎರಡೂವರೆ ಲಕ್ಷ ರೊಕ್ಕ ಮಾಲಿನಲ್ಲಿ ಸಿಕ್ಕಿಕೊಂಡಿತ್ತು. ಅದರಲ್ಲಿ ಒಂದಷ್ಟು ಬಡ್ಡಿಗೆ ತಂದ ದುಡ್ಡು. ಹೆಚ್ಚು ಕೊಳೆತದ್ದು ನಡುವಿನ ಮಾಲು. ಅದೇ ಮಾಡೆಲ್, ಸ್ಟೋರೇಜ್ ಮಾತ್ರ ಡಬಲ್, ಬೆಲೆ ನಾಲ್ಕೈದು ಸಾವಿರ ಜಾಸ್ತಿ. ಕೇಳುವವರೇ ಇಲ್ಲ. ಅಷ್ಟರಲ್ಲಿ ಹೊಸ ಮಾಡೆಲ್ ಬಂತು, ಹಳೇದರ ಬೆಲೆ ಒಂದೇ ರಾತ್ರಿಯಲ್ಲಿ ಬಿತ್ತು. ಬೆಲೆ ಬಿದ್ದದ್ದಕ್ಕೆ ಡಿಸ್ಟ್ರಿಬ್ಯೂಟರ್ ಕಡೆಯಿಂದ ಬರಬೇಕಾದ ವ್ಯತ್ಯಾಸದ ಹಣಕ್ಕೆ ತಿಂಗಳುಗಟ್ಟಲೆ ಫೋನ್ ಮಾಡಿದೆ.

ದಾರಿ ಸಿಕ್ಕಿದ್ದು ಐಪ್ಯಾಡ್ ಬೆಲೆಪಟ್ಟಿ ಮುಂದೆ ಇಟ್ಟುಕೊಂಡು ಕೂತಾಗ. 2025ರ ಮಾರ್ಚ್‌ನಲ್ಲಿ ಎ16 ಚಿಪ್‌ನ ಸಾದಾ ಐಪ್ಯಾಡ್ 34,900ಕ್ಕೆ ಬಂತು. ಆಗ ಐಪ್ಯಾಡ್‌ನದೇ ಬೇರೆ ಮಾಡೆಲ್‌ಗಳಾದ ಮಿನಿ 49,900, ಎಂ3 ಚಿಪ್‌ನ ಏರ್ 59,900, 11 ಇಂಚಿನ ಪ್ರೊ 99,900. ಇವುಗಳಲ್ಲಿ ಏನೇನಿದೆ ಅಂತ ನೋಡೋದು ಬಿಟ್ಟು, ಏನನ್ನು ತಡೆದಿಟ್ಟಿದ್ದಾರೆ ಅಂತ ನೋಡಿ. ಸಾದಾದರಲ್ಲಿ ಗಾಜಿಗೂ ಡಿಸ್‌ಪ್ಲೇಗೂ ನಡುವೆ ಸಂದಿ ಇದೆ, ಏರ್‌ನಲ್ಲಿ ಇಲ್ಲ. ಆ್ಯಪಲ್‌ನ ತುಟ್ಟಿ ಪೆನ್ನು ಪೆನ್ಸಿಲ್ ಪ್ರೊ ಏರ್‌ಗೆ ನಡೆಯುತ್ತೆ, ಸಾದಾದಕ್ಕೆ ನಡೆಯಲ್ಲ. ಆದರೆ 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಾಗಿ ನುಣ್ಣಗೆ ಓಡುವ ಸ್ಕ್ರೀನ್, ಬೇಕಂದರೆ ಏರ್‌ನಲ್ಲೂ ಸಿಗಲ್ಲ, ಪ್ರೊಗೇ ಹೋಗಬೇಕು. ಒಂದೊಂದು ಮೆಟ್ಟಿಲಲ್ಲೂ ಒಂದೆರಡನ್ನು ಬೇಕಂತಲೇ ಹಿಡಿದಿಟ್ಟು ಮುಂದಿನ ಮೆಟ್ಟಿಲಿಗೆ ಕರೆಯುತ್ತಾರೆ. ಗಿರಾಕಿಗೆ ಗೊತ್ತಾಗಬೇಕಾದದ್ದು ಇಷ್ಟೇ: ಮೇಲಿನ ಮೆಟ್ಟಿಲಿಗೆ ಕೊಡೋ ರೊಕ್ಕಕ್ಕೆ ನನಗೆ ಏನು ಸಿಗುತ್ತೆ?

ಕಂಪನಿ ಸಾಲು ಕಿತ್ತುಹಾಕಿದೆ. ಎಲ್ಲ ಕಂಪನಿಯ ಮಾಲನ್ನೂ ಮೆಟ್ಟಿಲಿನ ಹಾಗೆ ಒಂದೇ ಸಾಲಿನಲ್ಲಿಟ್ಟು ಎರಡೆರಡರ ನಡುವೆ ರಟ್ಟಿನ ಚೀಟಿ ನಿಲ್ಲಿಸಿದೆ. ಮೇಲೆ ವ್ಯತ್ಯಾಸದ ಹಣ ದಪ್ಪಗೆ, ಕೆಳಗೆ ಮೂರೇ ಸಾಲು. ಎ9ಗೂ ಎ9 ಪ್ಲಸ್‌ಗೂ ನಡುವಿನ ಚೀಟಿ ಹೀಗಿತ್ತು: "ಏಳೆಂಟು ಸಾವಿರ ಜಾಸ್ತಿ. ಸ್ಕ್ರೀನ್ 8.7ರಿಂದ 11 ಇಂಚು. 60ರ ಬದಲು 90 ಹರ್ಟ್ಸ್, ಬೆರಳು ಆಡಿಸಿ ನೋಡಿ. ಸ್ಯಾಮ್‌ಸಂಗ್‌ನ ಬರೆಯುವ ಪೆನ್ನು ಎಸ್ ಪೆನ್ ಇದಕ್ಕೂ ನಡೆಯಲ್ಲ." ಆ ಮೂರನೇ ಸಾಲೇ ಜೀವ. ಜಾಸ್ತಿ ಕೊಟ್ಟರೂ ಏನು ಸಿಗಲ್ಲ ಅಂತ ಅಂಗಡಿಯವನೇ ಬರೆದಾಗ ಗಿರಾಕಿ ನಂಬುತ್ತಾನೆ. ಒಬ್ಬ ಕಂಪನಿ ಹುಡುಗ ಬಂದು "ಇದನ್ನ ತೆಗೀರಿ ಅಣ್ಣಾ, ಮೇಲಿನವರು ನೋಡಿದ್ರೆ ನನ್ನ ಬೈತಾರ" ಅಂದ. ನಾನು ತೆಗೆಯಲಿಲ್ಲ.

ಪೆನ್ನಿನ ಲೆಕ್ಕ ಮಾತ್ರ ಸರಿಯಾಗಿ ಹಾಕಿ. ಮೆಡಿಕಲ್ ಓದುವ ಹುಡುಗಿ ಒಬ್ಬಳು ಅಪ್ಪನ ಜೊತೆ ಬಂದಿದ್ದಳು. ಐಪ್ಯಾಡೇ ಬೇಕು ಅಂತ ಹಟ. ಸಾದಾ ಐಪ್ಯಾಡ್ ಮತ್ತು ಏರ್ ಎರಡರ ಮೇಲೂ ತೋಳಿನ ನರಗಳ ಚಿತ್ರ ಬರೆದಳು. ಸಾದಾದರ ಮೇಲೆ ಪೆನ್ನು ಟಕ್ ಟಕ್ ಅಂತ ಸದ್ದು ಮಾಡಿತು, ಗೆರೆ ಮೊನೆಗಿಂತ ಒಂದು ಕೂದಲೆಳೆ ಕೆಳಗೆ ಬಿದ್ದ ಹಾಗೆ ಕಂಡಿತು. ಏರ್ ಅವರ ಬಜೆಟ್ ಮೀರಿತ್ತು. ಸಾದಾದಕ್ಕೆ ಆ್ಯಪಲ್‌ನ ಸೋವಿ ಪೆನ್ನು ಯುಎಸ್‌ಬಿ-ಸಿ ಪೆನ್ಸಿಲ್‌ನ 7,900 ಸೇರಿದರೆ ಆಗ 42,800 ಆಗುತ್ತಿತ್ತು. ಪಕ್ಕದಲ್ಲೇ ಎಸ್9 ಎಫ್‌ಇ ಇತ್ತು. ಪೆನ್ನು ಡಬ್ಬಿಯಲ್ಲೇ ಬರುತ್ತೆ, ನೀರಿಗೂ ಹೆದರಬೇಕಿಲ್ಲ, ನನ್ನ ಹತ್ತಿರ ಆಗ ಅದರ ಬೆಲೆ ಮೂವತ್ತು ಸಾವಿರದ ಮೇಲೆ ಸ್ವಲ್ಪ. ಅದನ್ನೇ ಒಯ್ದಳು. ಆಮೇಲೆ ಅವಳ ಕ್ಲಾಸಿನ ನಾಲ್ಕೈದು ಮಂದಿ ಬಂದರು. ಅಂದಿನಿಂದ ಚೀಟಿ ಮೇಲೆ ಪೆನ್ನು ಸೇರಿಸಿದ ಬೆಲೆಯನ್ನೇ ಬರೆಯುತ್ತೇನೆ.

ಸಿಮ್ ಮಾಡೆಲ್ ಬಗ್ಗೆ ಒಂದು ಮಾತು. 2025ರ ಆ ಬೆಲೆಪಟ್ಟಿಯಲ್ಲಿ ಸಾದಾ ಐಪ್ಯಾಡ್‌ಗೆ ಸಿಮ್ ಬೇಕಂದರೆ 15,000 ಜಾಸ್ತಿ ಇತ್ತು. ಹೆಚ್ಚಿನವರಿಗೆ ಫೋನಿನ ಹಾಟ್‌ಸ್ಪಾಟ್ ಸಾಕು, ಹಾಗಂತ ನಾನೇ ಹೇಳುತ್ತೇನೆ. ಆದರೆ ಜಮೀನು ಅಳೆಯುವವರು, ಹೊಲದಲ್ಲಿ ಮ್ಯಾಪ್ ನೋಡುವವರು ಬಂದರೆ ಹಾಗೆ ಹೇಳಬೇಡಿ. ವೈಫೈ ಐಪ್ಯಾಡ್‌ನಲ್ಲಿ ಜಿಪಿಎಸ್ ಇರಲ್ಲ, ಸಿಮ್ ಮಾಡೆಲ್‌ನಲ್ಲಿ ಮಾತ್ರ ಇರುತ್ತೆ. ಇದು ಚೀಟಿಯಲ್ಲಿ ಇರಲೇಬೇಕು.

ಇನ್ನೊಂದಿಷ್ಟು ಪರೀಕ್ಷೆ ನಾನೇ ಮಾಡಿದ್ದೇನೆ. ಹೊಸ ಸೋವಿ ಮಾಲು ಬಂದರೆ ಮೊದಲು ಡಿಆರ್‌ಎಂ ಇನ್ಫೋ ಆ್ಯಪ್ ಹಾಕುತ್ತೇನೆ. ಸಿನಿಮಾ ಕಾಪಿ ಆಗದಂತೆ ಕಾಯುವ ವೈಡ್‌ವೈನ್ ಬೀಗ ಟ್ಯಾಬ್‌ನಲ್ಲಿ ಯಾವ ಮಟ್ಟದ್ದು ಅಂತ ಅದು ತೋರಿಸುತ್ತೆ; ಕೆಳಮಟ್ಟದ ಎಲ್3 ಬಂದರೆ ನೆಟ್‌ಫ್ಲಿಕ್ಸ್ ಎಚ್‌ಡಿ ಬರಲ್ಲ. ಅಷ್ಟು ದೊಡ್ಡ ಸ್ಕ್ರೀನಿನಲ್ಲಿ ಮಸುಕಾಗಿ ಕಾಣುತ್ತೆ, ಗಿರಾಕಿ ಬಂದು ನಮ್ಮನ್ನೇ ಬೈಯುತ್ತಾನೆ. ಅಂಥ ಮಾಲು ಇಳಿಸಿಕೊಳ್ಳಲ್ಲ. ಕೋಚಿಂಗ್ ವಿಡಿಯೋಗಳ ಹತ್ತು ಜಿಬಿ ಫೋಲ್ಡರ್ ಒಂದನ್ನು ಪೆನ್‌ಡ್ರೈವ್‌ನಿಂದ ಕಾಪಿ ಮಾಡಿ ನೋಡಿದೆ. ಇಎಂಎಂಸಿ ಅನ್ನೋ ಹಳೇ ಬಗೆಯ ಸ್ಟೋರೇಜ್‌ನ ಟ್ಯಾಬ್, ಯುಎಫ್‌ಎಸ್ ಅನ್ನೋ ವೇಗದ ಸ್ಟೋರೇಜ್‌ನದಕ್ಕಿಂತ ಹೆಚ್ಚೂಕಡಿಮೆ ಎರಡು ಪಟ್ಟು ಹೊತ್ತು ತೊಗೊಂಡಿತು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಬಾಗಿಲ ಬಳಿ ಡೆಮೊ ಇಟ್ಟೂ ನೋಡಿದೆ. ತುಟ್ಟಿದು, ಸೋವಿದು ಅಂತ ಭೇದ ಇಲ್ಲ, ಕಾದ ಮೇಲೆ ಎಲ್ಲವೂ ಬೆಳಕು ತಗ್ಗಿಸುತ್ತವೆ. ಅದರಿಂದ ವ್ಯಾಪಾರಕ್ಕೇನೂ ಆಗಲಿಲ್ಲ, ಡೆಮೊ ಮಾತ್ರ ಒಳಗೆ ಬಂತು.

ನೆನಪಿದ್ದ ಮಟ್ಟಿಗೆ ಲೆಕ್ಕ ಹೇಳುತ್ತೇನೆ. ಮೊದಲು ತಿಂಗಳಿಗೆ ಎಂಟು ಹತ್ತು ಟ್ಯಾಬ್ ಹೋಗುತ್ತಿದ್ದವು, ಈಗ ಇಪ್ಪತ್ತೈದರ ಮೇಲೆ. ಸರಾಸರಿ ಬಿಲ್ ಹದಿಮೂರು ಸಾವಿರದಿಂದ ಹತ್ತೊಂಬತ್ತಕ್ಕೆ ಏರಿದೆ. ಟ್ಯಾಬ್‌ನಲ್ಲಿ ಮಾರ್ಜಿನ್ ಶೇ 4-5, ಅದನ್ನು ನಂಬಿ ಕೂತರೆ ಬಾಡಿಗೆ ಹುಟ್ಟಲ್ಲ. ಕವರ್, ಟೆಂಪರ್ಡ್ ಗ್ಲಾಸ್, ಪೆನ್ನು ಇವುಗಳಲ್ಲೇ ಲಾಭ. ಸಿಕ್ಕಿಕೊಂಡ ಮಾಲು ಈಗ ಐವತ್ತು ಸಾವಿರದೊಳಗೆ. ಚೀಟಿಯ ಸಾಲುಗಳ ಕ್ರಮ ಹೇಗೆ, ಮೊದಲು ಯಾವ ಟ್ಯಾಬ್ ಕೈಗೆ ಕೊಡುತ್ತೇನೆ ಅನ್ನೋದನ್ನ ಇಲ್ಲಿ ಬರೆಯಲ್ಲ. ಅದು ನನ್ನ ಅನ್ನ.

ಯಾದಗಿರಿಯ ಗೆಳೆಯನೊಬ್ಬ ಇದೇ ಪದ್ಧತಿ ಶುರು ಮಾಡಿದ್ದಾನೆ. ಅವನಿಗೆ ಹೇಳಿದ ಅಳತೆ ಇದು: ಹತ್ತು ಟ್ಯಾಬ್ ತಂದರೆ ಆರು 20 ಸಾವಿರದೊಳಗೆ, ಮೂರು 20ರಿಂದ 35ರೊಳಗೆ, ಒಂದು ಅದರ ಮೇಲೆ. ಪ್ರೊ, ಅಲ್ಟ್ರಾದಂಥ ತುಟ್ಟಿ ಮಾಡೆಲ್ ಸ್ಟಾಕ್ ಬೇಡ, ಅಡ್ವಾನ್ಸ್ ತೊಗೊಂಡು ತರಿಸಿದರಾಯ್ತು. ತೊಗರಿ ರೊಕ್ಕ ಕೈಗೆ ಬರುವ ಜನವರಿ-ಫೆಬ್ರವರಿಯಲ್ಲಿ ಮತ್ತು ಕಾಲೇಜು ಶುರುವಾಗುವ ಜೂನ್‌ನಲ್ಲಿ ಮಾತ್ರ 20-35ರ ಮೆಟ್ಟಿಲಿಗೆ ಇನ್ನೆರಡು ಪೀಸ್ ಸೇರಿಸಬೇಕು.