ಟೋಸ್ಟ್‌ಮಾಸ್ಟರ್ಸ್ ಕ್ಲಬ್: ಕಟ್ಟಿದ ದುಡ್ಡಿಗೆ ತಕ್ಕ ಲಾಭ ಪಡೆಯುವುದು ಹೇಗೆ?

ಜನರೆದುರು ಮಾತಾಡುವುದನ್ನು ಸದಸ್ಯರು ಒಟ್ಟಾಗಿ ಅಭ್ಯಾಸ ಮಾಡುವ ಜಾಗ ಟೋಸ್ಟ್‌ಮಾಸ್ಟರ್ಸ್ ಕ್ಲಬ್. ವಾರಕ್ಕೊಂದು ಸಭೆ, ಸಭೆಗೆ ಎರಡೋ ಮೂರೋ ಸಿದ್ಧ ಭಾಷಣ, ಸದಸ್ಯರು ಇಪ್ಪತ್ತೈದು ಜನ. ಈ ಲೆಕ್ಕದಲ್ಲಿ ಆರು ತಿಂಗಳ ಶುಲ್ಕ ಕಟ್ಟಿದವರಿಗೆ ಸಿಗುವುದು ಎರಡು, ಹೆಚ್ಚೆಂದರೆ ಮೂರು ಭಾಷಣ. ಅಷ್ಟರಿಂದ ಯಾರ ಸಭಾಕಂಪನವೂ ಹೋಗುವುದಿಲ್ಲ. ಆದರೂ ಈ ಕ್ಲಬ್‌ಗಳಿಂದ ಜನ ಬದಲಾಗುತ್ತಾರೆ. ಭಾಷಣದ ಸುತ್ತ ಇರುವ ಸಣ್ಣ ಸಣ್ಣ ಕೆಲಸಗಳೇ ಅದಕ್ಕೆ ಕಾರಣ. ಟೈಮರ್ (ಸಮಯ ನೋಡುವವರು), ಆ-ಕೌಂಟರ್ (‘ಆಂ’ಗಳನ್ನು ಎಣಿಸುವವರು), ಗ್ರಾಮರಿಯನ್ (ಭಾಷೆಯ ಬಳಕೆ ಗಮನಿಸುವವರು), ಇವ್ಯಾಲ್ಯುಯೇಟರ್ (ಭಾಷಣದ ಮೌಲ್ಯಮಾಪನ ಮಾಡುವವರು) ಎಂಬ ಈ ಪಾತ್ರಗಳನ್ನು ‘ಹೊಸಬರಿಗೆ ಕೊಡುವ ಚಿಲ್ಲರೆ ಕೆಲಸ’ ಎಂದು ತಿಳಿದವರು ಒಂದು ವರ್ಷ ಕಳೆದರೂ ಇದ್ದಲ್ಲೇ ಇರುತ್ತಾರೆ.

ರಾಲ್ಫ್ ಸ್ಮೆಡ್ಲಿ 1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂತಾ ಆನಾದ ವೈಎಂಸಿಎಯಲ್ಲಿ ಮೊದಲ ಕ್ಲಬ್ ಶುರುಮಾಡಿದಾಗಿನಿಂದಲೂ ಪದ್ಧತಿ ಒಂದೇ: ಪಾಠ ಹೇಳಲು ಮೇಷ್ಟ್ರಿಲ್ಲ, ಸದಸ್ಯರೇ ಸರದಿಯಂತೆ ಮಾತಾಡಬೇಕು, ಸಭೆ ನಡೆಸಬೇಕು, ಒಬ್ಬರ ಮಾತನ್ನು ಇನ್ನೊಬ್ಬರು ತೂಗಿ ಹೇಳಬೇಕು. ಹಾಗಾಗಿ ಕ್ಲಬ್ ಎಷ್ಟು ಒಳ್ಳೆಯದು ಅನ್ನುವುದು ಅಲ್ಲಿರುವ ಸದಸ್ಯರ ಮೇಲೆ ನಿಂತಿದೆ. ಆಯ್ಕೆಯಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ.

ಸೇರುವ ಮುನ್ನ

ಅತಿಥಿಯಾಗಿ ಕೂರಲು ಶುಲ್ಕವಿಲ್ಲ. ಕನಿಷ್ಠ ಎರಡು ಕ್ಲಬ್ ನೋಡಿ. ಇಷ್ಟವಾದದ್ದಕ್ಕೆ ಇನ್ನೊಮ್ಮೆ ಹೋಗಿ. ಬೆಂಗಳೂರಿನಲ್ಲಿ ಕಂಪನಿಗಳ ಒಳಗೇ ನಡೆಯುವ ಕ್ಲಬ್‌ಗಳಿವೆ. ಅವುಗಳಲ್ಲಿ ಹಲವಕ್ಕೆ ಹೊರಗಿನವರನ್ನು ಸೇರಿಸುವುದಿಲ್ಲ. ಫೋನ್ ಮಾಡಿ ಕೇಳಿಕೊಂಡೇ ಹೊರಡಿ. 18 ತುಂಬಿದ ಯಾರಾದರೂ ಸದಸ್ಯರಾಗಬಹುದು.

ಸಭೆಯಲ್ಲಿ ಕೂತಾಗ ಚಪ್ಪಾಳೆ, ನಗು ನೋಡಿ ಮರುಳಾಗಬೇಡಿ. ಹೇಳಿದ ಹೊತ್ತಿಗೆ ಶುರುವಾಯಿತೇ? ಅಜೆಂಡಾದಲ್ಲಿ ಒಂದೇ ಹೆಸರು ಮೂರು ಕಡೆ ಇದೆಯೇ? ಇದ್ದರೆ ಜನ ಸಾಲುತ್ತಿಲ್ಲ ಎಂದರ್ಥ. ಹೊಸಬರಿಗೆ ಅದು ಅನುಕೂಲವೇ, ಕೇಳಿದ ಪಾತ್ರವೆಲ್ಲ ಸಿಗುತ್ತದೆ. ಆದರೆ ಕ್ಲಬ್ ಮುಚ್ಚಿಹೋಗುವ ಅಪಾಯವೂ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಇವ್ಯಾಲ್ಯುಯೇಟರ್‌ಗಳು ಏನು ಹೇಳುತ್ತಾರೆ ಕೇಳಿಸಿಕೊಳ್ಳಿ. ‘ತುಂಬಾ ಚೆನ್ನಾಗಿತ್ತು, ಹೀಗೇ ಮುಂದುವರಿಸಿ’ ಎಂದಷ್ಟೇ ಎಲ್ಲರಿಗೂ ಹೇಳುವ ಕ್ಲಬ್ಬಿನಲ್ಲಿ ಕಲಿಯಲು ಏನೂ ಇಲ್ಲ.

ಭಾಷೆಯ ವಿಷಯ ಮೊದಲೇ ಕೇಳಿ. ಹೆಚ್ಚಿನ ಕಡೆ ಸಭೆ ಇಂಗ್ಲಿಷಿನಲ್ಲೇ ನಡೆಯುತ್ತದೆ, ಆದರೆ ಬೇರೆ ಭಾಷೆಗಳಲ್ಲಿ ಸಭೆ ನಡೆಸಲು ಅಡ್ಡಿಯಿಲ್ಲ. ನಿಮಗೆ ಬೇಕಾದದ್ದು ಆಫೀಸಿನ ಪ್ರೆಸೆಂಟೇಶನ್‌ಗೆ ಇಂಗ್ಲಿಷೋ, ಊರಿನ ಸಭೆ-ಸಮಾರಂಭಕ್ಕೆ ಕನ್ನಡವೋ ಎಂದು ನಿರ್ಧರಿಸಿಕೊಳ್ಳಿ. ಇಂಗ್ಲಿಷ್ ಕಲಿಯುವ ಕ್ಲಾಸ್ ಎಂದುಕೊಂಡು ಸೇರುವವರಿಗೆ ನಿರಾಸೆ ಕಾದಿರುತ್ತದೆ. ವ್ಯಾಕರಣ ಯಾರೂ ಕಲಿಸುವುದಿಲ್ಲ, ಬಂದಷ್ಟನ್ನು ಧೈರ್ಯವಾಗಿ ಬಳಸುವ ಅಭ್ಯಾಸವಷ್ಟೇ ಆಗುತ್ತದೆ.

ಖರ್ಚು: ಅಂತರರಾಷ್ಟ್ರೀಯ ಸಂಸ್ಥೆಗೆ ಆರು ತಿಂಗಳಿಗೆ 60 ಡಾಲರ್, ಹೊಸ ಸದಸ್ಯರಿಗೆ ಒಮ್ಮೆ ಮಾತ್ರ 20 ಡಾಲರ್. ಇದರ ಮೇಲೆ ಹಾಲ್ ಬಾಡಿಗೆ, ಕಾಫಿ-ತಿಂಡಿಗೆಂದು ಕ್ಲಬ್ ತನ್ನ ಪಾಲು ಸೇರಿಸಬಹುದು. ಅವಧಿ ಏಪ್ರಿಲ್ 1 ಮತ್ತು ಅಕ್ಟೋಬರ್ 1ರಿಂದ ಲೆಕ್ಕ. ನಡುವೆ ಸೇರಿದರೆ ಉಳಿದ ತಿಂಗಳುಗಳಿಗಷ್ಟೇ ಕಟ್ಟಬೇಕು. ಪೂರ್ತಿ ಕೇಳಿದರೆ ಖಜಾಂಚಿಯವರನ್ನು ವಿಚಾರಿಸಿ.

ಮೊದಲ ಎರಡು ತಿಂಗಳು

ಮೊದಲ ಸಭೆಗೆ ಟೈಮರ್ ಆಗಿ. ಸಿದ್ಧ ಭಾಷಣಕ್ಕೆ ಸಾಮಾನ್ಯವಾಗಿ 5ರಿಂದ 7 ನಿಮಿಷ: ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ಕಾರ್ಡ್, ಕೆಂಪಾದ ಮೇಲೆ 30 ಸೆಕೆಂಡ್ ರಿಯಾಯಿತಿ. ಟೇಬಲ್ ಟಾಪಿಕ್ಸ್‌ಗೆ, ಅಂದರೆ ಆಶುಭಾಷಣಕ್ಕೆ, ಒಂದು, ಒಂದೂವರೆ, ಎರಡು ನಿಮಿಷ. ಮೌಲ್ಯಮಾಪನಕ್ಕೆ ಎರಡು, ಎರಡೂವರೆ, ಮೂರು. ಟೈಮರ್ ಮಾಡುವ ಸಾಮಾನ್ಯ ತಪ್ಪು ಭಾಷಣದಲ್ಲಿ ಮುಳುಗಿ ಕಾರ್ಡ್ ಎತ್ತಲು ಮರೆಯುವುದು. ಫೋನಿನಲ್ಲಿ ಸ್ಟಾಪ್‌ವಾಚ್ ಓಡುತ್ತಿರುವಾಗ ಬೇರೆ ಏನನ್ನೂ ತೆರೆಯಬೇಡಿ. ಈ ಕೆಲಸದಿಂದ ಕಲಿಯುವುದು ಒಂದೇ, ಆದರೆ ದೊಡ್ಡದು: ಐದು ನಿಮಿಷ ಅಂದರೆ ಎಷ್ಟು ಹೊತ್ತು ಎಂಬ ಅಂದಾಜು. ನಮ್ಮ ಸಮಾರಂಭಗಳಲ್ಲಿ ‘ಎರಡೇ ಮಾತು’ ಎಂದು ಮೈಕ್ ಹಿಡಿದವರು ಅರ್ಧ ಗಂಟೆ ಬಿಡದಿರುವುದು ಈ ಅಂದಾಜು ಇಲ್ಲದ್ದರಿಂದಲೇ.

ಎರಡನೆಯದು ಆ-ಕೌಂಟರ್. ಹಾಳೆಯಲ್ಲಿ ಹೆಸರುಗಳ ಪಟ್ಟಿ ಬರೆದು, ಯಾರು ಎಷ್ಟು ಸಲ ‘ಆಂ’, ‘ಅಂದ್ರೆ’, ‘ಅದೇನಂದ್ರೆ’, ‘ಆಮೇಲೆ’, ‘ಸೋ’, ‘ಬೇಸಿಕಲಿ’ ಎಂದರೋ ಗೆರೆ ಹಾಕುತ್ತಾ ಹೋಗಿ. ಬೇರೆಯವರದು ಎಣಿಸಿದ ಕಿವಿಗೆ ನಿಮ್ಮದೂ ಕೇಳಿಸತೊಡಗುತ್ತದೆ. ಮೊದಮೊದಲು ಮಾತೇ ತಡವರಿಸಬಹುದು, ಗಾಬರಿ ಬೇಡ. ‘ಆಂ’ ಬರುವ ಜಾಗದಲ್ಲಿ ಬಾಯಿ ಮುಚ್ಚಿ ಒಂದು ಉಸಿರು ತೆಗೆದುಕೊಳ್ಳುವುದೇ ಇದಕ್ಕಿರುವ ಮದ್ದು.

ಟೇಬಲ್ ಟಾಪಿಕ್ಸ್‌ನಲ್ಲಿ ಆಗಲೇ ಕೊಟ್ಟ ಪ್ರಶ್ನೆಗೆ ಆಗಲೇ ಉತ್ತರ. ಇಂಟರ್‌ವ್ಯೂಗೆ, ವೈವಾಗೆ ಇದಕ್ಕಿಂತ ಒಳ್ಳೆಯ ತಾಲೀಮಿಲ್ಲ. ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡ್ ಸುಮ್ಮನಿರಿ. ಒಂದು ಪಕ್ಷ ಹಿಡಿಯಿರಿ, ಒಂದು ಉದಾಹರಣೆ ಕೊಡಿ, ನಿಲ್ಲಿಸಿ. ‘ಈ ವಿಷಯದಲ್ಲಿ ನನಗೆ ಅಷ್ಟೇನೂ ಗೊತ್ತಿಲ್ಲ’ ಎಂದು ಶುರುಮಾಡಿದರೆ ಕೇಳುವವರು ಅಲ್ಲೇ ಕೈಬಿಡುತ್ತಾರೆ.

ಮೂರನೆಯ ಅಥವಾ ನಾಲ್ಕನೆಯ ಸಭೆಯಲ್ಲಿ ಐಸ್ ಬ್ರೇಕರ್, ಅಂದರೆ ನಿಮ್ಮ ಮೊದಲ ಸಿದ್ಧ ಭಾಷಣ, ಮುಗಿಸಿಬಿಡಿ. ‘ಇನ್ನೂ ಸ್ವಲ್ಪ ತಯಾರಾಗಲಿ’ ಎಂದು ಮುಂದೂಡಿದಷ್ಟೂ ಹೆದರಿಕೆ ಬೆಳೆಯುತ್ತದೆ. ಇದು 4ರಿಂದ 6 ನಿಮಿಷದ ಸ್ವಪರಿಚಯ. ಹುಟ್ಟಿದೂರು, ಶಾಲೆ, ಕಾಲೇಜು, ಕೆಲಸ ಎಂದು ಸಾಲಾಗಿ ಹೇಳಲು ಹೋದರೆ ಡಿಗ್ರಿ ಮುಗಿಯುವಷ್ಟರಲ್ಲಿ ಕೆಂಪು ಕಾರ್ಡ್ ಬೀಳುತ್ತದೆ. ಬದುಕಿನ ಮೂರು ಸಂಗತಿ ಸಾಕು. ಕನ್ನಡದಲ್ಲಿ ಮಾತಾಡುವುದಾದರೆ ನಿಮಿಷಕ್ಕೆ 80ರಿಂದ 100 ಪದ ಎಂದಿಟ್ಟುಕೊಂಡು 450 ಪದದ ಆಸುಪಾಸಿನಲ್ಲಿ ಬರೆದುಕೊಳ್ಳಿ. ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ’ ಎಂಬ ಸಂಬೋಧನೆಯ ಸರಮಾಲೆಗೆ ಇಲ್ಲಿ ಜಾಗವಿಲ್ಲ, ಅದೇ ಮುಕ್ಕಾಲು ನಿಮಿಷ ನುಂಗುತ್ತದೆ. ಮೊದಲ ಎರಡು ಮತ್ತು ಕೊನೆಯ ಎರಡು ವಾಕ್ಯ ಮಾತ್ರ ಬಾಯಿಪಾಠ ಮಾಡಿ. ನಡುವಿನದಕ್ಕೆ ಒಂದು ಚೀಟಿಯಲ್ಲಿ ಮೂರು ಪದ ಇರಲಿ. ಪೂರ್ತಿ ಉರು ಹೊಡೆದವರು ಒಂದು ಸಾಲು ಮರೆತರೆ ಇಡೀ ಭಾಷಣ ಕೈಬಿಟ್ಟುಹೋಗುತ್ತದೆ. ಮನೆಯಲ್ಲಿ ನಿಂತು, ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು ಮೂರು ಸಲ ಹೇಳಿ. ಕ್ಲಬ್ಬಿನಲ್ಲಿ ಹೇಳುವಾಗ ಒಬ್ಬರಿಂದ ವಿಡಿಯೊ ಮಾಡಿಸಿ ಇಟ್ಟುಕೊಳ್ಳಿ.

ಪಾಠಕ್ರಮದ ಹೆಸರು ಪಾಥ್‌ವೇಸ್. ಅದರಲ್ಲಿ ನೀವು ಆರಿಸಿಕೊಳ್ಳಬಹುದಾದ ಹಲವು ಹಾದಿಗಳಿವೆ. ಪ್ರತಿ ಹಾದಿಗೂ ಐದು ಹಂತ, ಎಲ್ಲ ಇರುವುದು ಬೇಸ್ ಕ್ಯಾಂಪ್ ಎಂಬ ಜಾಲತಾಣದಲ್ಲಿ. ಯಾವ ಹಾದಿ ಎಂದು ವಾರಗಟ್ಟಲೆ ಯೋಚಿಸುವುದು ಬೇಡ, ಮೊದಲ ಹಂತದ ಪಾಠಗಳು ಹೆಚ್ಚುಕಡಿಮೆ ಎಲ್ಲದರಲ್ಲೂ ಅವೇ.

ನಿಜವಾದ ವಿದ್ಯೆ: ಮೌಲ್ಯಮಾಪನ

ಮೂರನೆಯ ತಿಂಗಳಿಗೆ ಇವ್ಯಾಲ್ಯುಯೇಟರ್ ಪಾತ್ರ ಕೇಳಿ. ಇಡೀ ಕ್ಲಬ್ಬಿನಲ್ಲಿ ಇದಕ್ಕಿಂತ ಕಷ್ಟದ ಕೆಲಸವಿಲ್ಲ, ಇದಕ್ಕಿಂತ ಉಪಯೋಗದ್ದೂ ಇಲ್ಲ. ಕೇಳುತ್ತಲೇ ಟಿಪ್ಪಣಿ, ಎರಡು ನಿಮಿಷದಲ್ಲಿ ಅದಕ್ಕೊಂದು ಕ್ರಮ, ಮೂರು ನಿಮಿಷದಲ್ಲಿ ಆ ವ್ಯಕ್ತಿಯ ಎದುರೇ, ನೋಯಿಸದೆ, ಸುಳ್ಳೂ ಹೇಳದೆ ಮಾತು. ಕೈಕೆಳಗಿನವರ ಕೆಲಸದ ತಪ್ಪು ತೋರಿಸುವಾಗ, ಮಕ್ಕಳಿಗೆ ತಿದ್ದಿ ಹೇಳುವಾಗ ಬೇಕಾಗುವುದೂ ಇದೇ.

ಭಾಷಣಕ್ಕೆ ಮುಂಚೆ ಭಾಷಣಕಾರರನ್ನು ಕಂಡು ‘ನಾನು ಯಾವುದನ್ನು ಗಮನಿಸಬೇಕು?’ ಎಂದು ಕೇಳಿ. ಹಾಳೆಯನ್ನು ಮೂರು ಕಾಲಂ ಮಾಡಿ: ಕಂಡದ್ದು ಅಥವಾ ಕೇಳಿದ್ದು, ಅದರಿಂದ ನಿಮಗಾದದ್ದು, ಬದಲಿಗೆ ಮಾಡಬಹುದಾದದ್ದು. ‘ಧ್ವನಿಯಲ್ಲಿ ಏರಿಳಿತ ಇರಲಿಲ್ಲ’ ಎಂದರೆ ಅದು ತೀರ್ಪು, ಕೇಳಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಅಪ್ಪನ ಶಸ್ತ್ರಚಿಕಿತ್ಸೆಯ ಮಾತು ಬಂದಾಗಲೂ ವೇಗ ಮೊದಲಿನಷ್ಟೇ ಇತ್ತು, ಹಾಗಾಗಿ ಅದು ದೊಡ್ಡ ಸಂಗತಿ ಅಂತ ನನಗೆ ತಡವಾಗಿ ಗೊತ್ತಾಯಿತು, ಆ ವಾಕ್ಯಕ್ಕೆ ಮುಂಚೆ ಎರಡು ಸೆಕೆಂಡ್ ನಿಲ್ಲಿಸಿ ನೋಡಿ’ ಎಂದರೆ ನಾಳೆಯೇ ಅಭ್ಯಾಸ ಮಾಡಬಹುದು.

ಸೂಚನೆ ಎರಡಕ್ಕಿಂತ ಹೆಚ್ಚು ಬೇಡ. ಏಳು ಹೇಳಿದರೆ ಒಂದೂ ಉಳಿಯುವುದಿಲ್ಲ. ಭಾಷಣದ ಸಾರಾಂಶ ಮತ್ತೆ ಹೇಳಬೇಡಿ, ಎಲ್ಲರೂ ಈಗಷ್ಟೇ ಕೇಳಿದ್ದಾರೆ. ವಿಷಯದ ಬಗ್ಗೆ ನಿಮ್ಮ ಅಭಿಪ್ರಾಯವೂ ಅಲ್ಲಿ ಬೇಕಿಲ್ಲ. ನಮ್ಮವರಲ್ಲಿ ಇನ್ನೊಂದು ತೊಡಕಿದೆ: ವಯಸ್ಸಿನಲ್ಲೋ ಹುದ್ದೆಯಲ್ಲೋ ದೊಡ್ಡವರಾದರೆ ಹೊಗಳಿಕೆಯಲ್ಲೇ ಮೂರು ನಿಮಿಷ ಕಳೆದುಬಿಡುತ್ತೇವೆ. ‘ನೀವು ಹೀಗೆ ಮಾಡಲಿಲ್ಲ’ ಎನ್ನುವ ಬದಲು ‘ನನಗೆ ಹೀಗೆ ಕೇಳಿಸಿತು, ಸರ್’ ಎಂದರೆ ಮರ್ಯಾದೆಗೂ ಕೊರತೆಯಿಲ್ಲ, ವಿಷಯವೂ ತಲುಪುತ್ತದೆ.

ನಿಮ್ಮ ಮೌಲ್ಯಮಾಪನ ಕೇಳುವಾಗ ಸಮಜಾಯಿಷಿ ಕೊಡಬೇಡಿ. ಬರೆದುಕೊಂಡು, ಮುಂದಿನ ಭಾಷಣದಲ್ಲಿ ಒಂದನ್ನು ಮಾತ್ರ ತಿದ್ದಿ. ಪಾಥ್‌ವೇಸ್‌ನ ಮೊದಲ ಹಂತದಲ್ಲೇ, ಬಂದ ಸಲಹೆಯನ್ನು ಮುಂದಿನ ಭಾಷಣದಲ್ಲಿ ಅಳವಡಿಸಿ ತೋರಿಸುವ ಪಾಠವಿದೆ.

ನಾಯಕತ್ವದ ಪಾಲು

ಪದಾಧಿಕಾರಿಗಳು ಏಳು ಜನ: ಅಧ್ಯಕ್ಷರು, ಶಿಕ್ಷಣ, ಸದಸ್ಯತ್ವ ಮತ್ತು ಪ್ರಚಾರ ನೋಡಿಕೊಳ್ಳುವ ಮೂವರು ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಸಭೆಯ ಜಾಗ-ವ್ಯವಸ್ಥೆ ನೋಡಿಕೊಳ್ಳುವ ಸಾರ್ಜೆಂಟ್ ಅಟ್ ಆರ್ಮ್ಸ್. ವಾರಕ್ಕೊಮ್ಮೆ ಸೇರುವ ಕ್ಲಬ್‌ಗಳಲ್ಲಿ ಅವಧಿ ಸಾಮಾನ್ಯವಾಗಿ ಜುಲೈ 1ರಿಂದ ಜೂನ್ 30.

ಕಲಿಕೆಗೆ ಎಲ್ಲಕ್ಕಿಂತ ಒಳ್ಳೆಯದು ಶಿಕ್ಷಣದ ಉಪಾಧ್ಯಕ್ಷರ ಹುದ್ದೆ, ಅಂದರೆ ವಿಪಿ ಎಜುಕೇಶನ್. ಯಾರಿಗೆ ಯಾವ ಪಾತ್ರ ಎಂದು ಹೊಂದಿಸುವವರು ಅವರು. ಸಭೆಯ ಹಿಂದಿನ ರಾತ್ರಿ ಇಬ್ಬರು ‘ಬರಲಾಗುತ್ತಿಲ್ಲ’ ಎಂದು ಮೆಸೇಜ್ ಹಾಕುವುದು ಖಚಿತ. ಸಂಬಳ ಕೊಡದ, ಬೈಯಲಾಗದ ಜನರಿಂದ ಕೆಲಸ ತೆಗೆಸುವುದು ಇಲ್ಲಿ ಗೊತ್ತಾಗುತ್ತದೆ. ಗುಂಪಿನಲ್ಲಿ ‘ಯಾರಾದರೂ ಟೈಮರ್ ಆಗ್ತೀರಾ?’ ಎಂದರೆ ಯಾರೂ ಮಾತಾಡುವುದಿಲ್ಲ. ಒಬ್ಬರಿಗೇ ಫೋನ್ ಮಾಡಿ ಹೆಸರು ಹಿಡಿದು ಕೇಳಿದರೆ ಒಪ್ಪುತ್ತಾರೆ. ಸಭೆಗೆ ಹತ್ತು ದಿನ ಮುಂಚೆ ಪಟ್ಟಿ ಹಾಕಿ, ಇಬ್ಬರನ್ನು ಬದಲಿಗೆ ಇಟ್ಟುಕೊಳ್ಳಿ. ಖಜಾಂಚಿಯ ತಲೆನೋವು ವರ್ಷಕ್ಕೆರಡು ಸಲ: ನವೀಕರಣದ ಹೊತ್ತಿಗೆ ಕನಿಷ್ಠ ಎಂಟು ಜನರ ಶುಲ್ಕ ಕಟ್ಟದಿದ್ದರೆ ಕ್ಲಬ್ಬಿನ ಮಾನ್ಯತೆಗೇ ತೊಂದರೆ.

ಕ್ಲಬ್ ಇಲ್ಲದ ಊರಿನಲ್ಲಿ

ಹೊಸ ಕ್ಲಬ್ ನೋಂದಾಯಿಸಲು 20 ಸದಸ್ಯರು ಬೇಕು. ಅಷ್ಟು ಜನ ಸಿಗದಿದ್ದರೆ ಆನ್‌ಲೈನ್ ಕ್ಲಬ್‌ಗಳಿವೆ; 40 ದಾಟದವರಿಗೆ ಜೇಸಿ ಎಂಬ ಯುವಜನರ ಸಂಘಟನೆಯ ಘಟಕಗಳ ತರಬೇತಿಯೂ ಇದೆ. ಅದೂ ಬೇಡವೆಂದರೆ ಆರೇಳು ಜನ ಸೇರಿ ಗಂಟೆಯ ಸಭೆ ನಡೆಸಬಹುದು: ಎರಡು ಭಾಷಣ, ಹದಿನೈದು ನಿಮಿಷ ಆಶುಭಾಷಣ, ಎರಡು ಮೌಲ್ಯಮಾಪನ, ಟೈಮರ್ ವರದಿ. ಗೆಳೆಯರ ಗುಂಪು ಮೂರನೇ ವಾರಕ್ಕೆ ಹರಟೆಯಾಗಿಬಿಡುತ್ತದೆ, ಆದ್ದರಿಂದ ಸಭೆ ನಡೆಸುವವರು ಪ್ರತಿವಾರ ಬದಲಾಗಲಿ ಮತ್ತು ಮುಂದಿನ ವಾರದ ಪಟ್ಟಿ ಏಳುವ ಮುನ್ನವೇ ಸಿದ್ಧವಾಗಲಿ.

ತೊದಲು ಅಥವಾ ಧ್ವನಿಯ ತೊಂದರೆ ಇರುವವರು ಮೊದಲು ವಾಕ್ ಚಿಕಿತ್ಸಕರನ್ನು ಕಾಣಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಅದಕ್ಕೆ. ಇನ್ನು, ಸ್ಪರ್ಧೆಯ ಭಾಷಣಗಳ ದೊಡ್ಡ ಹಾವಭಾವವನ್ನು ಆಫೀಸಿನ ಮೀಟಿಂಗ್‌ಗೆ ಹೊತ್ತೊಯ್ಯಬೇಡಿ, ಹತ್ತು ಜನರ ಕೋಣೆಯಲ್ಲಿ ಅದು ನಾಟಕದಂತೆ ಕಾಣುತ್ತದೆ.

ಶುಲ್ಕ ನವೀಕರಿಸುವ ಮುನ್ನ ಐಸ್ ಬ್ರೇಕರ್‌ನ ವಿಡಿಯೊ ಮತ್ತು ಇತ್ತೀಚಿನ ಭಾಷಣದ ವಿಡಿಯೊ ಒಟ್ಟಿಗೆ ನೋಡಿ, ‘ಆಂ’ಗಳನ್ನು ಎಣಿಸಿ, ಎಷ್ಟು ಪಾತ್ರ ವಹಿಸಿದಿರಿ ಎಂದು ಪಟ್ಟಿ ಮಾಡಿ. ಆರು ತಿಂಗಳಲ್ಲಿ ಹತ್ತು ಪಾತ್ರವೂ ಆಗಿಲ್ಲವೆಂದರೆ, ಅವಕಾಶ ಸಿಗಲಿಲ್ಲವೋ ನೀವೇ ಕೇಳಲಿಲ್ಲವೋ ನೋಡಿಕೊಳ್ಳಿ. ಕೇಳಿಯೂ ಸಿಗದಿದ್ದರೆ ಕ್ಲಬ್ ಬದಲಿಸಿ.