ಊಜಿ ಎಣಿಸುವ ಹಳೇ ಫೋನ್: ಅಂಟು ಹಾಳೆಯಿಂದ ಟ್ರೈಕೋ ಕಾರ್ಡ್‌ವರೆಗೆ ನನ್ನ ಅನುಭವ

ಟೊಮ್ಯಾಟೊ ಊಜಿಗೆ, ಅಂದರೆ ಟೂಟಾ ಅಬ್ಸೊಲ್ಯೂಟಾಗೆ, ಮೋಹಕ ಬಲೆ (ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಬಲೆ) ಕಟ್ಟಿ ಪತಂಗ ಎಣಿಸಿ ಟ್ರೈಕೋ ಕಾರ್ಡ್ (ಊಜಿಯ ಮೊಟ್ಟೆಯೊಳಗೆ ಬೆಳೆದು ಅದನ್ನು ಕೊಲ್ಲುವ ಟ್ರೈಕೋಗ್ರಾಮಾ ಎಂಬ ಸಣ್ಣ ಕಣಜ ಹುಳು ಇರುವ ರಟ್ಟು) ಬಿಡುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಆ ಎಣಿಕೆಯನ್ನು ಹಳೇ ಫೋನಿಗೆ ಒಪ್ಪಿಸಬಹುದು ಅಂದಾಗ ಮಾತ್ರ ಯಾರೂ ನಂಬಲಿಲ್ಲ. ನ್ಯೂರಲ್ ನೆಟ್‌ವರ್ಕ್ (ಗುರುತು ಹಾಕಿದ ಚಿತ್ರ ನೋಡಿ ಕಲಿಯುವ ಪ್ರೋಗ್ರಾಂ) ಇಲ್ಲದೆ ಆಗುವುದಿಲ್ಲ ಅಂದರು ಕೋಡ್ ಬರೆಯುವವರು. 6 ಮಿ.ಮೀ. ಪತಂಗ ಅಗ್ಗದ ಕ್ಯಾಮೆರಾಕ್ಕೆ ಎಲ್ಲಿ ಕಾಣುತ್ತದೆ ಅಂದರು ಕೀಟ ನೋಡುವವರು. ಈಗ ಹಾಳೆಯೊಂದರಲ್ಲಿ ಸುಮಾರು 60 ಪತಂಗ ಇರುವವರೆಗೆ ಕೈಲೆಕ್ಕಕ್ಕೂ ಫೋನಿನ ಲೆಕ್ಕಕ್ಕೂ ಹತ್ತಕ್ಕೆ ಒಂದರಷ್ಟು ಸಹ ವ್ಯತ್ಯಾಸ ಬರುತ್ತಿಲ್ಲ. ಅದಕ್ಕಿಂತ ಹೆಚ್ಚಾದರೆ ಒಂದರ ಮೇಲೊಂದು ಬಿದ್ದು ಲೆಕ್ಕ ಕಡಿಮೆ ತೋರಿಸುತ್ತದೆ, ಹಾಳೆ ಬದಲಿಸಬೇಕು.

ಕೀಲಿ ಇರುವುದು ಒಂದೇ ಕಡೆ: ಹಾಳೆಯ ಮೇಲೆ ಒಟ್ಟು ಎಷ್ಟಿದೆ ಅಂತ ಎಣಿಸಬಾರದು, ನಿನ್ನೆಗಿಂತ ಇವತ್ತು ಎಷ್ಟು ಹೊಸದು ಅಂತ ನೋಡಬೇಕು. ಡೆಲ್ಟಾ ಬಲೆಯ (ಗುಡಾರದಂಥ ಮುಕ್ಕೋನ ಬಲೆ) ಅಂಟು ಹಾಳೆಯ ನಾಲ್ಕು ಮೂಲೆಗೆ ಅರುಕೊ ಗುರುತು (ಕಂಪ್ಯೂಟರ್ ಸುಲಭವಾಗಿ ಗುರುತಿಸುವ ಕಪ್ಪು-ಬಿಳಿ ಚೌಕ) ಅಂಟಿಸಿ, ಆ ಗುರುತು ಹಿಡಿದು ಎರಡು ದಿನದ ಫೋಟೊಗಳನ್ನು ಒಂದರ ಮೇಲೊಂದು ಹೊಂದಿಸಿ, ಒಂದರಿಂದ ಒಂದನ್ನು ಕಳೆಯುವುದು. ಮಿಕ್ಕ ಮಚ್ಚೆಗಳನ್ನು ಗಾತ್ರ ನೋಡಿ ಸೋಸುವುದು. 20 ಸೆಂ.ಮೀ. ಹಾಳೆ 1600 ಪಿಕ್ಸೆಲ್‌ಗೆ ಬಂದರೆ ಮಿ.ಮೀ.ಗೆ 8 ಪಿಕ್ಸೆಲ್ ಸಿಗುತ್ತದೆ. ರೆಕ್ಕೆ ಮಡಚಿದ ಊಜಿ ಉದ್ದಕ್ಕೆ 45–50, ಅಗಲಕ್ಕೆ 12ರ ಆಸುಪಾಸು. ಧೂಳು ಇದಕ್ಕಿಂತ ಚಿಕ್ಕದು, ನೊಣ ಇದಕ್ಕಿಂತ ಗುಂಡಗೆ. ಉದ್ದ-ಅಗಲದ ಅನುಪಾತ ಒಂದೇ ಅರ್ಧ ಕಸವನ್ನು ಹೊರಗೆ ಹಾಕುತ್ತದೆ.

ಕೈಕೊಡುವುದು ಬೇರೆ ಕಡೆ. ಸಿಕ್ಕಿಬಿದ್ದ ಪತಂಗ ಮೊದಲ ರಾತ್ರಿ ಒದ್ದಾಡಿ ಅರ್ಧ ಸೆಂ.ಮೀ. ಸರಿಯುತ್ತದೆ. ಕಳೆದಾಗ ಹಳೇ ಜಾಗದಲ್ಲಿ ಒಂದು ‘ಹೋದದ್ದು’, ಹೊಸ ಜಾಗದಲ್ಲಿ ಒಂದು ‘ಬಂದದ್ದು’ ಕಾಣುತ್ತದೆ. ಒಂದು ಸೆಂ.ಮೀ. ಒಳಗೆ ಇಂಥ ಜೋಡಿ ಸಿಕ್ಕರೆ ಅದು ಹೊಸ ಪತಂಗ ಅಲ್ಲ ಅಂತ ಕೋಡ್‌ನಲ್ಲಿ ಬರೆಯಬೇಕು. ಇದನ್ನು ಬಿಟ್ಟರೆ ಲೆಕ್ಕ ಸುಮ್ಮನೆ ಉಬ್ಬುತ್ತದೆ. ಹಲ್ಲಿ ಅಂಟಿಕೊಂಡ ಹಾಳೆಗೆ ಔಷಧಿಯಿಲ್ಲ. ಒಂದೇ ದಿನ ಹಾಳೆಯ ಕಾಲು ಭಾಗ ಬದಲಾದರೆ ಆ ದಿನದ ಲೆಕ್ಕ ‘ಇಲ್ಲ’ ಅಂತ ಬರಬೇಕು, ಸೊನ್ನೆ ಅಂತ ಅಲ್ಲ. ಸೊನ್ನೆಗೂ ‘ಇಲ್ಲ’ಕ್ಕೂ ಇರುವ ಅಂತರ ಕಾರ್ಡ್ ಬಿಡುವ ದಿನ ಗೊತ್ತಾಗುತ್ತದೆ.

ಫೋನ್ ಎಣಿಸುತ್ತದೆ ಅಷ್ಟೇ; ಬಲೆಯಲ್ಲಿ ಫೋಟೊ ತೆಗೆಯುವ ಕ್ಯಾಮೆರಾ ಇಎಸ್‌ಪಿ32-ಕ್ಯಾಮ್ (ವೈಫೈ ಇರುವ ಅಗ್ಗದ ಸಣ್ಣ ಬೋರ್ಡ್), ಓವಿ2640 ಸೆನ್ಸರ್. ಕಾರ್ಖಾನೆಯಿಂದ ಬರುವಾಗ ಫೋಕಸ್ ದೂರಕ್ಕಿರುತ್ತದೆ. ಲೆನ್ಸಿನ ಅಂಟು ಬಿಡಿಸಿ ಸ್ವಲ್ಪ ಹೊರಕ್ಕೆ ತಿರುಗಿಸಿದರೆ 15–20 ಸೆಂ.ಮೀ.ಗೆ ಚೂಪಾಗುತ್ತದೆ. ಬೋರ್ಡ್ ನಿದ್ದೆಯಿಂದ ಎದ್ದ ಕೂಡಲೇ ತೆಗೆದ ಮೊದಲ ಮೂರ್ನಾಲ್ಕು ಫ್ರೇಮ್ ಹಸಿರು ತಿರುಗಿರುತ್ತವೆ, ಎಸೆಯಿರಿ. ಫ್ಲಾಶ್ ದೀಪ 4ನೇ ಪಿನ್‌ನಲ್ಲಿದೆ, ಮೆಮೊರಿ ಕಾರ್ಡೂ ಅದನ್ನೇ ಹಂಚಿಕೊಳ್ಳುತ್ತದೆ. ಕಾರ್ಡನ್ನು 1-ಬಿಟ್ ಕ್ರಮದಲ್ಲಿ ತೆರೆದರೆ ಜಗಳ ನಿಲ್ಲುತ್ತದೆ. ಫ್ಲಾಶೂ ವೈಫೈಯೂ ಒಟ್ಟಿಗೆ ಹೊತ್ತಿದರೆ ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮತ್ತೆ ಶುರುವಾಗುತ್ತದೆ. ಮೊದಲು ಫೋಟೊ, ದೀಪ ಆರಿದ ಮೇಲೆ ವೈಫೈ, ಜೊತೆಗೆ 1000 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರ್. ಅಂಟಿನ ಹೊಳಪು ಕೊಲ್ಲಲು ದೀಪದ ಮುಂದೆ ಏನಿಡುತ್ತೇನೆ ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ. ಇದ್ದುದರಲ್ಲಿ ಅತಿ ಹೆಚ್ಚು ತಿಣುಕಿಸಿದ್ದು ಅದೇ.

ಫೋಟೊ ರಾತ್ರಿ 8ಕ್ಕೆ. ಊಜಿಯ ಗಂಡು ಹೆಚ್ಚಾಗಿ ಹಾರುವುದು ಬೆಳಗಿನ ಹೊತ್ತು, ಹಾಗಾಗಿ ಮುಂಜಾನೆ ತೆಗೆದರೆ ಒಂದೇ ಹಾರಾಟ ಎರಡು ದಿನಕ್ಕೆ ಹರಿದು ಹಂಚಿಹೋಗುತ್ತದೆ. ಒಬ್ಬರ ಕೋಡ್ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ), ಇನ್ನೊಬ್ಬರದು ಸ್ಥಳೀಯ ಸಮಯ ಹಿಡಿದರಂತೂ ಬೆಳಗಿನ ಐದೂವರೆಗೆ ಮುಂಚೆ ತೆಗೆದ ಫೋಟೊ ಎರಡು ತಾರೀಖಿನಲ್ಲಿ ಕೂರುತ್ತದೆ. ಕತ್ತಲಲ್ಲಿ ತೆಗೆಯುವುದರಿಂದ ಬೆಳಕೂ ದಿನದಿನಕ್ಕೆ ಒಂದೇ.

ದುಡ್ಡಿನ ಮಾತು. ಪ್ರತಿ ಬಲೆಗೂ ಒಂದು ಸಿಮ್ ಹಾಕುವ ವಿನ್ಯಾಸದಲ್ಲಿ ಕ್ಯಾಮೆರಾದ ಬೆಲೆಗಿಂತ ರೀಚಾರ್ಜೇ ಮೇಲಾಯಿತು. ಈಗ ಏಳೆಂಟು ಬಲೆಗೆ ಒಂದೇ ಹಳೇ ಆಂಡ್ರಾಯ್ಡ್ ಫೋನ್. ಅದೇ ಹಾಟ್‌ಸ್ಪಾಟ್ ತೆರೆದು ಫೋಟೊ ಎಳೆದುಕೊಳ್ಳುತ್ತದೆ, ಟರ್ಮಕ್ಸ್‌ನಲ್ಲಿ (ಫೋನಿನಲ್ಲೇ ಪ್ರೋಗ್ರಾಂ ಓಡಿಸಲು ಬಿಡುವ ಆ್ಯಪ್) ಪೈಥಾನ್ ಕೋಡ್ ಓಡಿಸುತ್ತದೆ, ಸಂಖ್ಯೆ ಮಾತ್ರ ಎಸ್ಸೆಮ್ಮೆಸ್ ಮಾಡುತ್ತದೆ. ಕನ್ನಡ ಅಕ್ಷರವಾದರೆ ಒಂದು ಸಂದೇಶಕ್ಕೆ 70 ಅಷ್ಟೇ; ಬಲೆ ನಂಬರ್, ಹೊಸದು, ಒಟ್ಟು ಅಂತ ಅಂಕಿಯಲ್ಲೇ ಮುಗಿಸಿದರೆ 160 ಸಿಗುತ್ತದೆ. ಉಳಿದ ಖರ್ಚಿನಲ್ಲಿ ಅರ್ಧದ ಹತ್ತಿರ ಡಬ್ಬಿ, ಸೋಲಾರ್ ಫಲಕ, ಬ್ಯಾಟರಿಗೆ ಹೋಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಸದಾ ಚಾರ್ಜ್‌ಗೆ ಹಾಕಿಟ್ಟ ಫೋನಿನ ಬ್ಯಾಟರಿ ಊದಿಕೊಳ್ಳುತ್ತದೆ. ನೆರಳಿನಲ್ಲಿಡಿ, ಟೈಮರ್ ಇಟ್ಟು ದಿನಕ್ಕೆ ಒಂದೆರಡು ಗಂಟೆ ಮಾತ್ರ ಚಾರ್ಜ್ ಕೊಡಿ. ಆಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯ ಟರ್ಮಕ್ಸ್‌ಗೆ ಅನ್ವಯಿಸದಂತೆ ತೆಗೆಯದಿದ್ದರೆ ಪರದೆ ಆರಿದ ಮೇಲೆ ಎಲ್ಲ ಸತ್ತುಹೋಗುತ್ತದೆ.

ನ್ಯೂರಲ್ ನೆಟ್‌ವರ್ಕ್ ಕೂಡ ಪಕ್ಕದಲ್ಲಿ ಓಡಿಸಿ ನೋಡಿದ್ದಾಗಿದೆ. ಹೊಸ ಹಾಳೆಯಲ್ಲಿ ಚೆನ್ನಾಗಿ ಗುರುತಿಸಿತು. ಅಂಟು ಹಳದಿಯಾಗಿ ಧೂಳು ಕೂತ ಮೇಲೆ ಸೋತಿತು. ಅದಕ್ಕೆ ಕಲಿಸಲು ಫೋಟೊದಲ್ಲಿ ಪ್ರತಿ ಪತಂಗದ ಸುತ್ತ ಚೌಕ ಹಾಕುವ ಕೂಲಿ ಇಡೀ ಯಂತ್ರದ ಖರ್ಚನ್ನು ಮೀರಿತು. ಕಳೆಯುವ ಲೆಕ್ಕಕ್ಕೆ ಆ ಕೂಲಿಯೇ ಬೇಡ.

ಕೋಡ್ ಒಬ್ಬರದಲ್ಲ, ಆದ್ದರಿಂದ ಕಟ್ಟುಪಾಡು ಬೇಕಾಯಿತು. ಫೋಟೊ ಗಿಟ್‌ಗೆ (ಹಲವರು ಸೇರಿ ಬರೆಯುವ ಕೋಡ್‌ನ ಬದಲಾವಣೆಗಳನ್ನು ಕಾಪಾಡುವ ವ್ಯವಸ್ಥೆ) ಹೋಗುವುದಿಲ್ಲ, ಅದರ ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಕೇತ) ಮಾತ್ರ. ಒಂದು ಬಲೆಗೆ ವಾರಕ್ಕೊಂದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಅಂಕಿಗಳ) ಕಡತ. ಎಲ್ಲರೂ ಒಂದೇ ಕಡತಕ್ಕೆ ಸಾಲು ಸೇರಿಸಿದರೆ ಮರ್ಜ್ ಮಾಡುವಾಗ, ಅಂದರೆ ಎಲ್ಲರ ಬದಲಾವಣೆ ಒಂದುಗೂಡಿಸುವಾಗ, ದಿನವೂ ಕಾನ್ಫ್ಲಿಕ್ಟ್ (ಒಬ್ಬರ ಸಾಲಿಗೆ ಇನ್ನೊಬ್ಬರ ಸಾಲು ಡಿಕ್ಕಿ). ಮಿತಿಗಳೆಲ್ಲ ಕೋಡ್‌ನ ಹೊರಗೆ ಒಂದು ಸರಳ ಪಠ್ಯ ಕಡತದಲ್ಲಿ, ಕೀಟ ನೋಡುವವರೂ ತಿದ್ದುವ ಹಾಗೆ. ಯಾರು ಏನೇ ಬದಲಿಸಿದರೂ ಕೈಯಲ್ಲಿ ಎಣಿಸಿಟ್ಟ ನೂರೈವತ್ತರಷ್ಟು ಫೋಟೊಗಳ ಮೇಲೆ ಓಡಿಸಿ, ತಪ್ಪು ಹೆಚ್ಚಾಗಿಲ್ಲ ಅಂದರೆ ಮಾತ್ರ ಮರ್ಜ್. ಆ ಕೈಲೆಕ್ಕ ಇಬ್ಬರು ಬೇರೆಬೇರೆ ಮಾಡಿದ್ದು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಸಮಯವೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಬೇಕು. ಪರೀಕ್ಷಾ ಫೋಟೊಗಳಿಗೆ ಇದು ಪ್ರಾಣ.

ಇನ್ನು ಕಾರ್ಡ್. ಬಲೆಗೆ ಬೀಳುವುದು ಗಂಡು ಮಾತ್ರ, ಮೊಟ್ಟೆ ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಆದರೆ ಹೊಸ ಗಂಡುಗಳ ಸಂಖ್ಯೆ ಸತತ ಮೂರು ದಿನ ಏರಿದರೆ ಹೆಚ್ಚಾಗಿ ಹೊಸ ಪೀಳಿಗೆ ಹೊರಬರುತ್ತಿದೆ ಎಂದು ಅರ್ಥ, ಹೆಣ್ಣು ಮೊದಲ ವಾರದಲ್ಲೇ ಬಹುಪಾಲು ಮೊಟ್ಟೆ ಇಟ್ಟುಬಿಡುತ್ತದೆ. ಮೊಟ್ಟೆ ಒಡೆಯಲು 4–5 ದಿನ ಸಾಕು, ಮರಿಹುಳು ಎಲೆಯೊಳಗೆ ಸುರಂಗ ಹೊಕ್ಕ ಮೇಲೆ ಟ್ರೈಕೋಗ್ರಾಮಾ ಅದಕ್ಕೆ ಏನೂ ಮಾಡಲಾರದು. ಅತ್ತ ಕಾರ್ಡ್ ತಯಾರಾಗಲು ಅದರ ಮೇಲೆ ಅಂಟಿಸಿದ ಮೊಟ್ಟೆಗೆ ಕಣಜ ಹತ್ತಿಸಿದ ಮೇಲೆ 7–8 ದಿನ ಬೇಕು. ಏರಿಕೆ ಕಂಡ ಮೇಲೆ ಆರ್ಡರ್ ಮಾಡಿದರೆ ಗಾಡಿ ತಪ್ಪಿದ ಹಾಗೆ. ಅದಕ್ಕೇ ಕಣಜ ಹತ್ತಿ ಮೊಟ್ಟೆ ಕಪ್ಪಾದ ಕಾರ್ಡ್‌ಗಳ ಒಂದು ಸಣ್ಣ ದಾಸ್ತಾನು 10 ಡಿಗ್ರಿಯಲ್ಲಿ ಇಟ್ಟಿರುತ್ತೇನೆ. ಹೆಚ್ಚು ದಿನ ಇಟ್ಟಷ್ಟೂ ಹೊರಬರುವ ಕಣಜ ಕಡಿಮೆ, ಎರಡು ವಾರ ದಾಟಿಸುವುದಿಲ್ಲ. ಎಷ್ಟು ಏರಿದರೆ ಏರಿಕೆ ಅನ್ನುವ ಅಂಕಿ ಬೆಳೆಯ ವಯಸ್ಸಿನ ಜೊತೆ ಬದಲಾಗುತ್ತದೆ; ನನ್ನ ಕೋಷ್ಟಕ ಇನ್ನೊಂದು ಹಂಗಾಮು ಪರೀಕ್ಷೆ ಆಗುವವರೆಗೆ ನನ್ನ ಹತ್ತಿರವೇ ಇರಲಿ.

ಕಾರ್ಡನ್ನು ಪಟ್ಟಿಯಾಗಿ ಕತ್ತರಿಸಿ, ಸಂಜೆ, ಎಲೆಯ ಅಡಿಭಾಗಕ್ಕೆ ಪಿನ್ ಹೊಡೆಯುವುದು. ಇರುವೆ ಇದ್ದ ಕಡೆ ರಾತ್ರಿ ಬೆಳಗಾಗುವುದರೊಳಗೆ ಪಟ್ಟಿ ಖಾಲಿ; ಅಲ್ಲಿ ದಾರದಲ್ಲಿ ಇಳಿಬಿಟ್ಟು ದಾರಕ್ಕೆ ಗ್ರೀಸ್ ಸವರುವುದು.

ನೆಸಿಡಿಯೊಕೊರಿಸ್ ಟೆನುಯಿಸ್ ಎಂಬ ತಿಗಣೆಯನ್ನೂ ಒಂದು ಸಾಲಿಗೆ ಬಿಟ್ಟು ನೋಡಿದೆ. ಊಜಿಯ ಮೊಟ್ಟೆಯನ್ನು ಕಬಳಿಸುತ್ತದೆ, ಮಾತೇ ಇಲ್ಲ. ಆದರೆ ಬೇಟೆ ತೀರಿದ ಮೇಲೆ ಗಿಡದ ಎಳೆ ಕಾಂಡಕ್ಕೇ ಬಾಯಿ ಹಾಕಿ ಕಂದು ಉಂಗುರ ಮಾಡುತ್ತದೆ. ಲೆಕ್ಕ ಇಳಿಯುವ ವಾರದಲ್ಲಿ ಅದನ್ನು ಬಿಡಬೇಡಿ.

ಕಾರ್ಡ್ ಕೆಲಸ ಮಾಡಿತೋ ಇಲ್ಲವೋ ನೋಡಲು ಫೋನಿಗೆ ಮ್ಯಾಕ್ರೊ ಲೆನ್ಸ್ ಸಿಕ್ಕಿಸಿ ತುದಿ ಎಲೆಗಳ ಫೋಟೊ ತೆಗೆಯುತ್ತೇವೆ. ಕಣಜ ಹತ್ತಿದ ಮೊಟ್ಟೆ ಪೂರ್ತಿ ಕಪ್ಪು. ಹತ್ತದ ಮೊಟ್ಟೆಯೂ ಒಡೆಯುವ ಮುಂಚೆ ಒಂದು ತುದಿಯಲ್ಲಿ ಕಪ್ಪಾಗುತ್ತದೆ, ಅದು ಒಳಗಿನ ಹುಳುವಿನ ತಲೆ. ಈ ಎರಡನ್ನು ಬೇರ್ಪಡಿಸುವ ಕೋಡ್ ಇನ್ನೂ ಇಲ್ಲ, ಅಲ್ಲಿಯವರೆಗೆ ಕಣ್ಣೇ ಗತಿ.